ವಿಭೂತಿ ಹಚ್ಚಿದ ಎಂಜಿನ್

ಇಪ್ಪತ್ತೆರಡು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡಿದ ವಿಜಯೇಂದ್ರ ಮೇಷ್ಟ್ರು, ಒಂದು ಶುಕ್ರವಾರ ಸಂಜೆ ಶಿವಮೊಗ್ಗದ ನವುಲೆಯ ತಮ್ಮ ಮನೆಯ ಅಂಗಳದಲ್ಲಿ ಕಾರಿನ ಬಾನೆಟ್ ಮೇಲೆ ಕೈಯೂರಿ ನಿಂತು ಘೋಷಿಸಿಯೇ ಬಿಟ್ಟರು. ಈ ಎಂಜಿನ್ನಿನ ನೀರು ಎಲ್ಲಿಗೆ ಹೋಗುತ್ತಿದೆ ಎಂದು ತಾವೇ ಪತ್ತೆ ಮಾಡುತ್ತಾರೆ, ತಾವೇ ಸರಿಪಡಿಸುತ್ತಾರೆ, ಯಾವ ಮೆಕ್ಯಾನಿಕ್ ಶೆಡ್ಡಿನ ಬಾಗಿಲಲ್ಲೂ ಭೌತಶಾಸ್ತ್ರ ಕೈಕಟ್ಟಿ ನಿಲ್ಲುವುದಿಲ್ಲ!

ಈ ಘೋಷಣೆಗೆ ಸಭಿಕರು ಇಬ್ಬರೇ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ತಾಯಿ ಕಲ್ಲಮ್ಮ ಸುಲಿಯುತ್ತಲೇ ಇದ್ದರು. ಹೆಂಡತಿ ರಶ್ಮಿ ಮಾತ್ರ ಎದ್ದು ಬಾನೆಟ್ ಬಳಿಗೆ ಬಂದಳು. ಯಾಕೆಂದರೆ ಕಾರು ಆಕೆಯದು.

ರಶ್ಮಿಗೆ ಶಂಕರಘಟ್ಟದ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸ. ಹದಿನೈದು ವರ್ಷ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಓಡಾಡಿ, ನಲವತ್ತಮೂರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ತೆಗೆದುಕೊಂಡ ಕಾರು ಅದು. ಸೋಮವಾರ ಹತ್ತು ಗಂಟೆಗೆ ಆಕೆಯ ಬಡ್ತಿಯ ಇಂಟರ್‌ವ್ಯೂ ಬೇರೆ ಇತ್ತು.

"ರೀ, ಸೋಮವಾರ ನಾನು ನನ್ನ ಕಾರಲ್ಲೇ ಹೋಗ್ಬೇಕು," ಎಂದಳು ರಶ್ಮಿ.

"ಭಾನುವಾರ ಮಧ್ಯಾಹ್ನದೊಳಗೆ ಮುಗಿಸ್ತೀನಿ ಮಾರಾಯ್ತಿ."

"ಮಿಕ್ಸಿ ಬಿಚ್ಚಿದಾಗ್ಲೂ ಹೀಗೇ ಅಂದಿದ್ರಿ."

ಮೇಷ್ಟ್ರು ಅದನ್ನು ಕೇಳಿಸಿಕೊಳ್ಳಲಿಲ್ಲ. ಕುತೂಹಲ ಕೆರಳಿದಾಗ ಅವರ ಕಿವಿ ಕೆಲಸ ನಿಲ್ಲಿಸುತ್ತದೆ. ಸಮಸ್ಯೆಯೂ ಹಾಗೇ ಇತ್ತು ಅನ್ನಿ. ವಾರಕ್ಕೊಂದು ಲೋಟದಷ್ಟು ಕೂಲೆಂಟ್, ಅಂದರೆ ಎಂಜಿನ್ ತಣಿಸುವ ನೀರು, ಖಾಲಿಯಾಗುತ್ತಿತ್ತು, ಕಾರಿನಡಿ ಹಾಸಿದ ಪೇಪರ್ ಮಾತ್ರ ಹಪ್ಪಳದಂತೆ ಗರಿಗರಿ. ಒಂದು ಹನಿಯೂ ಕೆಳಗೆ ಬೀಳದೆ ನೀರು ಮಾಯವಾಗುವುದು ಹೇಗೆ? ಮೇಷ್ಟ್ರು ಎಂಜಿನ್ ಚಾಲೂ ಮಾಡಿ, ಬಿಸಿಯಾಗಲು ಬಿಟ್ಟು, ಒಂದಿಷ್ಟು ದೂರದಿಂದ ಮೂಗು ಚಾಚಿದರು. ಜೋನಿ ಬೆಲ್ಲ ಕಾಯಿಸಿದಂಥ ಸಿಹಿ ವಾಸನೆ! ಹಿಂದುಗಡೆ ಸಂದಿಯಿಂದ ಬಿಳಿ ಹೊಗೆಯ ಒಂದು ಎಳೆ ಮೇಲೇಳುತ್ತಿತ್ತು.

ಅರ್ಥವಾಗಿ ಹೋಯಿತು. ಎಂಜಿನ್ನಿನ ಬೆನ್ನಿಗೆ ಟರ್ಬೊ ಎಂಬ ಬಸವನಹುಳುವಿನಾಕಾರದ ಉಪಕರಣ ಅಂಟಿಕೊಂಡಿರುತ್ತದೆ. ಹೊಗೆಯ ರಭಸಕ್ಕೆ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ಊದುವುದು ಅದರ ಕೆಲಸ. ಆ ಕೆಲಸದಲ್ಲಿ ಅದು ಕಾದ ಕಾವಲಿಯಾಗುತ್ತದೆ. ಅದನ್ನು ತಣ್ಣಗಿಡಲು ನೀರು ಹೋಗಿಬರುವ ಆಸುಪಾಸಿನ ನಾಲ್ಕು ರಬ್ಬರ್ ಪೈಪುಗಳು ಹಿಮ್ಮಡಿಯಂತೆ ಬಿರಿದಿದ್ದವು. ಜಿನುಗಿದ ಹನಿ ಟರ್ಬೊ ಮೇಲೆ ಬಿದ್ದು, ನೆಲ ಮುಟ್ಟುವ ಮೊದಲೇ ಆವಿ! ಮೇಷ್ಟ್ರು ಮಕ್ಕಳಂತೆ ಚಪ್ಪಾಳೆ ತಟ್ಟಿದರು. ಗೊತ್ತಾಯಿತಲ್ಲ, ಇನ್ನು ಮುಚ್ಚಿ ಶೆಡ್ಡಿಗೆ ಕೊಡೋಣ ಎಂದು ರಶ್ಮಿ ಬೇಡಿಕೊಂಡಳು. ಆದರೆ ರೋಗ ಕಂಡುಹಿಡಿದ ವೈದ್ಯ ಔಷಧಿ ಕೊಡದೆ ಎದ್ದು ಹೋಗುತ್ತಾನೆಯೇ?

ಶನಿವಾರ ಬೆಳಿಗ್ಗೆ ತಣ್ಣಗಾದ ಎಂಜಿನ್ನಿನ ಮೇಲೆ ದಂಡಯಾತ್ರೆ ಶುರುವಾಯಿತು. ಪೈಪು ಮುಟ್ಟಬೇಕಾದರೆ ಗಾಳಿಯ ಕೊಳವೆ ತೆಗೆಯಬೇಕು, ಅದನ್ನು ತೆಗೆಯಲು ಬ್ಯಾಟರಿ ಎತ್ತಬೇಕು, ಬ್ಯಾಟರಿ ಎತ್ತಲು ಅದರ ತಟ್ಟೆ ಬಿಚ್ಚಬೇಕು. ಇಷ್ಟೆಲ್ಲ ಆದಮೇಲೂ ಮೇಷ್ಟ್ರ ಕೈ ಮೊಣಕೈವರೆಗೆ ಹೋಗಿ ಸಿಕ್ಕಿಹಾಕಿಕೊಂಡಿತು. ಕೊಬ್ಬರಿ ಎಣ್ಣೆ ಸವರಿ ಕೈಯನ್ನು ಹೊರಗೆ ತೆಗೆದದ್ದು ರಶ್ಮಿ. ಕೊನೆಗೆ ಉದ್ದನೆಯ ಇಕ್ಕಳದಲ್ಲಿ ಒಂದೊಂದೇ ಕ್ಲಿಪ್ ಕಿತ್ತು, ನಾಲ್ಕೂ ಪೈಪುಗಳನ್ನು ಹೊರತರುವಾಗ ಮಧ್ಯಾಹ್ನವಾಗಿತ್ತು.

ನಾಲ್ಕು ಪೈಪು ಎಂದರೆ ಎಂಜಿನ್ನಿನಲ್ಲಿ ಅವು ಕೂರುವ ಎಂಟು ಬಾಯಿ. ಕೀಳುವ ಮೊದಲೇ, ಯಾವುದು ಯಾವ ಬಾಯಿಗೆ ಎಂದು ಗುರುತಿಡಬೇಡವೇ? ಮೊಬೈಲಿನಲ್ಲಿ ಫೋಟೋ ತೆಗೆದಿದ್ದರು. ಹನ್ನೊಂದರಲ್ಲಿ ಒಂಬತ್ತು ಅವರದೇ ಹೆಬ್ಬೆರಳು, ಮಿಕ್ಕ ಎರಡು ಬರೀ ಕತ್ತಲೆ. ಎಣ್ಣೆಜಿಡ್ಡಿಗೆ ಟೇಪು ಅಂಟಲಿಲ್ಲ, ಕಪ್ಪು ಪೈಪಿನ ಮೇಲೆ ಪೆನ್ನು ಕಾಣಲಿಲ್ಲ. ಆಗಲೇ ಮೇಷ್ಟ್ರಿಗೆ ದೇವರಮನೆ ಹೊಳೆದದ್ದು. ಇಕ್ಕಳದ ತುದಿಗೆ ಹತ್ತಿ ಸುತ್ತಿ, ಒಂದು ಪೈಪಿಗೂ ಅದರ ಎರಡು ಬಾಯಿಗೂ ವಿಭೂತಿ. ಇನ್ನೊಂದಕ್ಕೆ ಕುಂಕುಮ. ಮೂರನೆಯದಕ್ಕೆ ಅರಿಶಿನ. ನಾಲ್ಕನೆಯದಕ್ಕೆ ಗಂಧ. ಎಷ್ಟು ಸರಳ!

ಹಳೆಯ ಪೈಪುಗಳನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟರಿನಲ್ಲಿ ಭದ್ರಾವತಿಗೆ ಹೋದರು. ಅಲ್ಲಿ ಕಾರ್ಖಾನೆ ರಸ್ತೆಯಲ್ಲಿ ಕಾಂತರಾಜ್ ಎಂಬಾತನ ಬಿಡಿಭಾಗದ ಅಂಗಡಿ. ಕಾಂತರಾಜ್ ಒಂದೊಂದು ಪೈಪಿಗೂ ಜೋಡಿ ಹುಡುಕಿಕೊಟ್ಟ. ಬಾಯಿಗಳಿಗೆ ಗುರುತು ಹಾಕಿದ್ದೀರಾ, ತಪ್ಪಾಗಿ ಕೂರಿಸಿದರೆ ಟರ್ಬೊಗೆ ನೀರೇ ಹೋಗುವುದಿಲ್ಲ, ಅದು ಸುಟ್ಟರೆ ಕಾರು ತಿಂಗಳುಗಟ್ಟಲೆ ಎದ್ದೇಳುವುದಿಲ್ಲ ಎಂದು ಎಚ್ಚರಿಸಿದ. ಮೇಷ್ಟ್ರು ತಮ್ಮ ವಿಭೂತಿ ಪದ್ಧತಿಯನ್ನು ವಿವರಿಸಿದರು.

"ಇಪ್ಪತ್ ವರ್ಷದಿಂದ ಈ ಲೈನಲ್ಲಿದೀನಿ ಸಾರ್, ಈ ಐಡಿಯಾ ನಮ್ಗೆ ಹೊಳೀಲೇ ಇಲ್ಲ ನೋಡಿ," ಎಂದ ಕಾಂತರಾಜ್.

ಆ ಮಾತು ಮೇಷ್ಟ್ರನ್ನು ಶಿವಮೊಗ್ಗದವರೆಗೆ ಪೆಟ್ರೋಲಿಲ್ಲದೆಯೇ ತಂದು ಮುಟ್ಟಿಸಿತು ಎನ್ನಬೇಕು.

ಬಂದು ನೋಡಿದರೆ ಎಂಜಿನ್ ಮದುಮಗನಂತೆ ಶೃಂಗಾರಗೊಂಡಿತ್ತು. ಎಂಟು ಬಾಯಿಗಳಿಗೂ ಮೂರು ಬೆರಳಿನ ವಿಭೂತಿ, ಅದರ ಮೇಲೆ ಗಂಧ, ಅರಿಶಿನ, ಕುಂಕುಮ. ಟರ್ಬೊ ನೆತ್ತಿಯ ಮೇಲೊಂದು ಸೇವಂತಿಗೆ.

"ಇದನ್ನ ಯಾರು ಮಾಡಿದ್ದು?" ಮೇಷ್ಟ್ರು ಬಾನೆಟ್ಟಿನೊಳಗೆ ತಲೆ ತೂರಿಸಿದರು.

"ನಾನೇ ಕಣಪ್ಪಾ," ಎಂದರು ಕಲ್ಲಮ್ಮ ಸಮಾಧಾನವಾಗಿ. "ಕೆಲ್ಸಕ್ಕೆ ಮುಂಚೆ ಪೂಜೆ ಮಾಡಿದೀಯ, ಒಳ್ಳೇದು. ಆದ್ರೆ ಒಂದೊಂದಕ್ಕೆ ಒಂದೊಂದೇ ಇಟ್ರೆ ಏನ್ ಚೆಂದ? ಅದಕ್ಕೇ ನಿಂದೆಲ್ಲ ಒದ್ದೆ ಬಟ್ಟೇಲಿ ಒರೆಸಿ ಹೊಸದಾಗಿ ಹಚ್ಚಿದೆ."

ಒರೆಸಿ! ಚೀಲದಲ್ಲಿ ಕುಂಕುಮದ ಪೈಪಿತ್ತು, ಅರಿಶಿನದ ಪೈಪಿತ್ತು. ಅವು ಹೋಗಬೇಕಾದ ಬಾಯಿಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ನೋಡುತ್ತಿದ್ದವು. ರಶ್ಮಿ ಬೈಯಲಿಲ್ಲ. ಕಾರಿನ ಕೀಲಿಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಮೇಷ್ಟ್ರಿಗೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರಿಗೆ ನಿಜವಾಗಿ ನಾಚಿಕೆಯಾದದ್ದು ಅವತ್ತೇ.

ಭಾನುವಾರ ಬೆಳಗಿನಿಂದ ಅವರು ಪೈಪುಗಳನ್ನು ಹಿಡಿದು ಒಂದರ ಮುಂದೊಂದಿಟ್ಟು ಲೆಕ್ಕಾಚಾರ ಹಾಕಿದರು. ಒಮ್ಮೆ ಹೊಂದಿತು ಅನ್ನಿಸಿತು, ಮರುಕ್ಷಣ ಇನ್ನೊಂದೂ ಅಲ್ಲಿಗೇ ಹೊಂದಿತು. ಫೋನು ಮಾಡಿದರೆ, ಕಣ್ಣಲ್ಲಿ ನೋಡದೆ ಹೇಳುವುದಕ್ಕಾಗದು, ಸೋಮವಾರ ಮಧ್ಯಾಹ್ನ ಬರುತ್ತೇನೆ ಎಂದ ಕಾಂತರಾಜ್. ಸೋಮವಾರ ಮಧ್ಯಾಹ್ನಕ್ಕೆ ಇಂಟರ್‌ವ್ಯೂ ಮುಗಿದೇ ಹೋಗಿರುತ್ತದೆ. ಮೇಷ್ಟ್ರು ಕುಂಕುಮದ ಪೈಪು ಹಿಡಿದು ನೆಲದ ಮೇಲೇ ಕೂತರು.

ಅಷ್ಟರಲ್ಲಿ ಕಲ್ಲಮ್ಮ ಕಾಫಿ ಲೋಟ ಹಿಡಿದು ಬಂದರು. "ಆ ಗೋಡೆ ಪಕ್ಕದ ಬಾಯಿಗೆ ಬರೀ ಕುಂಕುಮ ಇಟ್ಟಿದ್ಯಲ್ಲ, ಯಾಕೆ ಅಂತ ನಿನ್ನೆಯಿಂದ ಯೋಚ್ನೆ ಮಾಡ್ತಿದೀನಿ."

ಮೇಷ್ಟ್ರು ತಲೆಯೆತ್ತಿದರು. "ಅಮ್ಮಾ, ನಿನಗೆ ನೆನಪಿದೆಯಾ?"

"ಮರೆಯೋ ಅಂಥ ತಪ್ಪೇನೋ ಅದು? ವಿಭೂತಿ ಇಲ್ದೆ ಬರೀ ಕುಂಕುಮ! ಇನ್ನೊಂದು ಕುಂಕುಮ ಆ ಕೆಳಗಡೆ ದಪ್ಪಂದಕ್ಕೆ. ಅರಿಶಿನ ಬಲಗಡೆ ಎರಡಕ್ಕೆ. ಬಸವನಹುಳು ತರ ಇದ್ಯಲ್ಲ, ಅದ್ರ ಮೇಲ್ಗಡೆಗೆ ವಿಭೂತಿ, ಅದೊಂದು ಸರಿ ಇತ್ತು."

ಎಂಟೂ ಬಾಯಿಯ ಆಚಾರ ಅಪಚಾರಗಳನ್ನೆಲ್ಲ ಕಲ್ಲಮ್ಮ ಬೆರಳು ಮಡಚಿ ಎಣಿಸಿದರು. ಮೇಷ್ಟ್ರು ಕಾಲೇಜಿನ ನೋಟ್ಸು ಬರೆಯುವಂತೆ ಬರೆದುಕೊಂಡರು. ಆಮೇಲೆ ಪೈಪು ಕೂರಿಸಲು ಹೋದರೆ ಮತ್ತೆ ಮೊಣಕೈ ಸಿಕ್ಕಿಕೊಂಡಿತು. ಕಲ್ಲಮ್ಮ ನೋಡುವಷ್ಟು ನೋಡಿ, ಮಗನನ್ನು ಪಕ್ಕಕ್ಕೆ ಸರಿಸಿ, ಬಳೆ ಹಿಂದಕ್ಕೆ ತಳ್ಳಿ ಕೈಯಿಳಿಸಿದರು. ಕಿರಿದಾದ ಬಾಯಿಯ ಬಿಂದಿಗೆಗಳನ್ನು ಒಂದು ಆಯುಷ್ಯವಿಡೀ ಒಳಗಿನಿಂದ ತಿಕ್ಕಿದ ಕೈ ಅದು! ವಿಭೂತಿ ಹಚ್ಚಲು ಹೋಗಿದ್ದ ದಾರಿಯಲ್ಲೇ ಸಲೀಸಾಗಿ ಹೋಯಿತು. ಪೈಪು ಒತ್ತಿ, ಕ್ಲಿಪ್ ಜಾರಿಸಿ, "ಮುಂದಿಂದು ಕೊಡು" ಎಂದರು. ಅರ್ಧ ಗಂಟೆಯಲ್ಲಿ ನಾಲ್ಕೂ ಮುಗಿದವು. ಮಿಕ್ಕದ್ದನ್ನೆಲ್ಲ ಜೋಡಿಸಿ, ಕೂಲೆಂಟ್ ತುಂಬಿ ಎಂಜಿನ್ ಚಾಲೂ ಮಾಡಿದರು. ಹೊಗೆಯಿಲ್ಲ, ಬೆಲ್ಲದ ವಾಸನೆಯಿಲ್ಲ. ಒಂದು ಗಂಟೆ ಓಡಿಸಿ ತಂದ ಮೇಲೂ ಕೂಲೆಂಟ್ ಮಟ್ಟ ಇದ್ದಲ್ಲೇ ಇತ್ತು. ರಶ್ಮಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕಳು.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಯಾರಾದರು. ಜೊತೆಗೆ ಹೋಗಿ, ದಾರಿಯುದ್ದಕ್ಕೂ ಟರ್ಬೊ ತತ್ವವನ್ನು ವಿವರಿಸಿ, ಹೆಂಡತಿಗೆ ಧೈರ್ಯ ತುಂಬುವುದೆಂದು ನಿರ್ಧಾರವಾಗಿತ್ತು. ಕಾರಿನ ಮುಂದಿನ ಬಾಗಿಲಿಗೆ ಕೈಹಾಕಿದ್ದೂ ಆಯಿತು.

"ನೀವಲ್ಲ ರೀ," ಎಂದು ರಶ್ಮಿ ಮನೆಯ ಕಡೆ ತಿರುಗಿದಳು. "ಅತ್ತೆ, ಬೇಗ ಬನ್ನಿ. ದಾರೀಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಗಾಡಿ ಬಗ್ಗೆ ಗೊತ್ತಿರೋರು ಒಬ್ರು ಜೊತೇಲಿರ್ಲಿ."

ಕಲ್ಲಮ್ಮ ಗಂಜಿ ಹಾಕಿದ ಸೀರೆಯ ಸೆರಗು ಸರಿಮಾಡಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. ಕಾರು ಹೊರಟಿತು, ಗೇಟಿನ ಬಳಿ ನಿಂತಿತು, ಕಿಟಕಿ ಕೆಳಗಿಳಿಯಿತು.

"ವಿಜಯ, ಆ ಸ್ಪ್ಯಾನರ್ ಇಕ್ಕಳ ಎಲ್ಲ ಒರೆಸಿ ಕೈಗೆ ಸಿಗೋ ಹಂಗೆ ಎತ್ತಿಡಪ್ಪಾ," ಎಂದರು ಕಲ್ಲಮ್ಮ. "ಮುಂದಿನ ಸಲ ನಂಗೆ ಬೇಕಾಗುತ್ತೆ."