ತಿರ್ಗಿ ಅಂದರೆ ಯಾವ ತಿರ್ಗಿ

ಮಗ: ನೀನು ರೈಟ್ ಅಂದೆ.

ಸೊಸೆ: ಅಂದೆ. ಇಲ್ಲ ಅಂತ ಯಾರಂದ್ರು? ನಾನು ರೈಟ್ ಅಂದ್ರೆ ನೀವ್ಯಾಕೆ ಸೀದಾ ಹೋದ್ರಿ?

ಮಗ: ರೈಟ್ ಅಂದ್ಮೇಲೆ ಸೀದಾ ಹೋಗದೆ ಇನ್ನೇನು ಮಾಡ್ತಾರೆ? ಇಪ್ಪತ್ತೇಳು ವರ್ಷದಿಂದ ಕಂಡಕ್ಟರು ರೈಟ್ ಅಂತಾನೆ, ನಾನು ಗಾಡಿ ಬಿಡ್ತೀನಿ. ಒಂದು ದಿನಾನೂ ಬಸ್ಸು ಹೋಗಿ ಬಲಗಡೆ ಗೋಡೆಗೆ ಗುದ್ದಿಲ್ಲ.

ಸೊಸೆ: ನಾನು ನಿಮ್ಮ ಕಂಡಕ್ಟರ್ ಅಲ್ಲ.

ಮಗ: ಅವನಾಗಿದ್ದಿದ್ರೆ ಒಂದು ಸೀಟಿಯಾದ್ರೂ ಊದ್ತಿದ್ದ.

ಕಾಡಿನ ದಾರಿಯ ಅಂಚಿಗೆ ಕಾರು ನಿಂತು ಹತ್ತು ನಿಮಿಷವಾಗಿತ್ತು. ಗಂಟೆ ನಾಲ್ಕೂವರೆ. ಕರಡಿಗಳ ಕಾಡಿಗೆ ಹೋಗುವ ಗೇಟು ಐದಕ್ಕೆ ಮುಚ್ಚುತ್ತದೆ, ಅದು ಎಲ್ಲಿದೆ ಎಂದು ಕಾರಿನಲ್ಲಿ ಯಾರಿಗೂ ಗೊತ್ತಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಪೆಟ್ರೋಲ್ ಬಂಕಿನಲ್ಲಿ ಕೊಂಡ ಕಾಗದದ ನಕ್ಷೆ ಸೊಸೆಯ ಮಡಿಲಲ್ಲಿ ಹಾಸಿಗೆಯಷ್ಟು ಅಗಲಕ್ಕೆ ಬಿಚ್ಚಿಕೊಂಡಿತ್ತು. ನಾಳೆ ಬೆಳಿಗ್ಗೆ ಊರಿಗೆ ಹೊರಡಬೇಕು, ನಾಡಿದ್ದು ಮಗನಿಗೆ ಡ್ಯೂಟಿ.

ಹಿಂದಿನ ಸೀಟಿನಲ್ಲಿ ಒಂದು ದಿಂಬು, ಒಂದು ಫ್ಲಾಸ್ಕು ಮತ್ತು ಅಮ್ಮ.

ಈ ಪ್ರವಾಸಕ್ಕೆಲ್ಲ ಕಾರಣ ಅಮ್ಮನೇ. ನಲವತ್ತು ವರ್ಷ ಟೈಲರ್ ಅಂಗಡಿಗೆ ಶರಟಿನ ಕಾಜಾ ಹಾಕಿಕೊಟ್ಟ ಕಣ್ಣುಗಳವು. ಕೊನೆಗೆ ಪೊರೆ ಬಂದು ಎಂಟು ವರ್ಷ ಲೋಕವೆಲ್ಲ ಗಂಜಿ ಹಾಕಿದ ಬಟ್ಟೆಯ ಆಚೆ ಇದ್ದಂತೆ ಕಂಡಿತ್ತು. ಬಾಗಿಲ ಹಿಂದೆ ನೇತುಹಾಕಿದ್ದ ಮಳೆಯಂಗಿಗೆ ಅಮ್ಮ ಒಂದು ಸಂಜೆ ಪೂರ್ತಿ “ಕೂತ್ಕೋ, ಯಾಕೆ ನಿಂತೇ ಇದೀಯ” ಎಂದು ಉಪಚಾರ ಮಾಡಿದ್ದುಂಟು. ಎರಡು ತಿಂಗಳ ಹಿಂದೆ ಆಪರೇಷನ್ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿದಾಗ ಎದುರಿಗೆ ಕಂಡದ್ದು ಡಾಕ್ಟರ ಮುಖವಲ್ಲ, ಅವರ ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ನದಿಯಲ್ಲಿ ನಿಂತಿದ್ದ ಕರಡಿ. ಒಂದೊಂದು ಕೂದಲೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಅಮ್ಮ ಅಲ್ಲೇ ಹೇಳಿಬಿಟ್ಟರು: “ಇನ್ನು ನಿಜವಾದ್ದೊಂದು ನೋಡ್ಬೇಕು.” ಆಯುಸ್ಸಿನಲ್ಲಿ ಮಗನ ಹತ್ತಿರ ಅವರು ಬೇಕೆಂದು ಕೇಳಿದ್ದು ಅದೊಂದೇ. ಹಾಗಾಗಿ ನಾಲ್ಕು ದಿನದಿಂದ ಕಾರು ಪಡುವಣಕ್ಕೆ ಓಡುತ್ತಿತ್ತು. ಮೊದಲನೆಯ ಕಾಡಿನಲ್ಲಿ ಬಾತುಕೋಳಿ ಸಿಕ್ಕವು. ಎರಡನೆಯದರಲ್ಲಿ ಜಿಂಕೆಗಳ ಹಿಂಭಾಗ ಮಾತ್ರ ಸಿಕ್ಕಿತು, ಏಕೆಂದರೆ ಜಿಂಕೆ ಕಂಡ ಕೂಡಲೇ ಸೊಸೆ ಕಿರುಚಿದ್ದಳು, ಮಗ ಅಭ್ಯಾಸಬಲದಿಂದ ಹಾರ್ನ್ ಒತ್ತಿದ್ದ. ಉಳಿದಿದ್ದು ಈ ಮೂರನೆಯದು.

ಸೊಸೆ: ಆಮೇಲಾದ್ರೂ ಸರಿಯಾಗಿ ಕೇಳಿಸ್ಕೊಂಡ್ರಾ? ತಿರ್ಗಿ ಎಡಕ್ಕೆ ಹೋಗಿ ಅಂದೆ.

ಮಗ: ಅದನ್ನೇ ನಾನು ಕೇಳ್ತಿರೋದು. ತಿರ್ಗಿ ಎಡಕ್ಕೆ ಹೋಗ್ಬೇಕು ಅಂದ್ರೆ ಮೊದಲು ಒಂದು ಸಲ ಎಡಕ್ಕೆ ಹೋಗಿರ್ಬೇಕು ತಾನೆ? ಹೋಗಿರ್ಲಿಲ್ಲ. ಅದಕ್ಕೇ ಒಂದು ಸಲ ಹೋದೆ. ಆಮೇಲೆ ನೀನು ಹೇಳಿದ ಹಾಗೆ ತಿರ್ಗಿ ಹೋದೆ.

ಸೊಸೆ: ತಿರ್ಗಿ ಅಂದ್ರೆ ಗಾಡಿ ತಿರುಗಿಸ್ಕೊಂಡು ಅಂತ.

ಮಗ: ಹಾಗಾದ್ರೆ ತಿರುಗಿಸ್ಕೊಂಡು ಅನ್ನು.

ಸೊಸೆ: ಎರಡೂ ಒಂದೇ.

ಮಗ: ಹೇಗೆ ಒಂದೇ? ಔಷಧಿ ಅಂಗಡೀಲೂ ಹೀಗೇ ಹೇಳ್ತೀಯಾ? ರಾತ್ರಿ ತಿರ್ಗಿ ಒಂದು ಮಾತ್ರೆ ತಗೊಳ್ಳಿ ಅಂದ್ರೆ ಜನ ಹಾಸಿಗೇಲಿ ಹೊರಳಿ ನುಂಗ್ತಾರಾ?

ಸೊಸೆ: ನಮ್ಮ ಅಂಗಡಿಗೆ ಬರೋರು ಕಾಯಿಲೆಯವರು. ನಿಮಗಿಂತ ಚುರುಕಾಗಿರ್ತಾರೆ.

ಯಾವ ಡಾಕ್ಟರು ಎಷ್ಟು ಕೆಟ್ಟದಾಗಿ ಗೀಚಿದರೂ ಓದಿ ಮದ್ದು ಕೊಡುವ ಸೊಸೆಗೆ ಅಚ್ಚುಕಟ್ಟಾಗಿ ಮುದ್ರಿಸಿದ ನಕ್ಷೆ ಮಾತ್ರ ಅರ್ಥವಾಗುತ್ತಿರಲಿಲ್ಲ. ಡಿಪೋದಿಂದ ದೊಡ್ಡಾಸ್ಪತ್ರೆಗೆ, ದೊಡ್ಡಾಸ್ಪತ್ರೆಯಿಂದ ಡಿಪೋಗೆ ದಿನಕ್ಕೆ ಎಂಟು ಸಲ ಬಸ್ಸು ಓಡಿಸುವ ಮಗನಿಗೆ ಮೂರು ದಾರಿ ಕೂಡಿದ ಜಾಗ ಕಂಡರೆ ದಿಕ್ಕೇ ತಪ್ಪುತ್ತಿತ್ತು. ದೇವರು ಜೋಡಿ ಮಾಡುವಾಗ ಇಂಥದ್ದನ್ನೆಲ್ಲ ನೋಡುತ್ತಾನೋ ಇಲ್ಲವೋ ಎಂದು ಅಮ್ಮನಿಗೆ ಎಷ್ಟೋ ಸಲ ಅನ್ನಿಸಿತ್ತು.

ಅಮ್ಮ: ಒಂದು ಮಾತು ಹೇಳ್ಲಾ? ಆ ಹಳದಿ ಬೋರ್ಡು ನೋಡಿದ್ದು ಇದು ಮೂರನೇ ಸಲ.

ಮಗ: ನಾನು ಬೇಕಂತಲೇ ಈ ಕಡೆ ಬಿಡ್ತಿರೋದಮ್ಮ. ಕರಡಿ ದಾರಿ ಅಂತ ಬರೆದಿದೆಯಲ್ಲ.

ಅಮ್ಮ: ಕರಡಿ ದಾರಿ ಅಲ್ಲಪ್ಪ. ಕಿರಿದಾದ ದಾರಿ.

ಸೊಸೆ ನಕ್ಷೆಯನ್ನು ಸರಸರ ಮಗುಚಿ ಹಾಕಿದಳು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎನ್ನುವ ಹಾಗೆ ಅಮ್ಮ ದಾರಿಯುದ್ದಕ್ಕೂ ಕಂಡ ಬೋರ್ಡನ್ನೆಲ್ಲ ಓದಿಕೊಂಡೇ ಬಂದಿದ್ದರು. ಮಗ, ಸೊಸೆ ಕರಡಿ ಕರಡಿ ಎಂದು ಕೂಗಿದಾಗಲೆಲ್ಲ “ಮರದ ಬೊಡ್ಡೆ ಕಣ್ರೋ” ಎಂದು ಸಮಾಧಾನ ಮಾಡಿದ್ದೂ ಅವರೇ. ಹನ್ನೊಂದು ಬೊಡ್ಡೆ ಆಗಿದ್ದವು.

ಸೊಸೆ: ನಿಮ್ಮ ಕನ್ನಡಕ ಎಲ್ಲಿ?

ಮಗ: ಯೂನಿಫಾರ್ಮ್ ಜೇಬಲ್ಲಿ.

ಸೊಸೆ: ಯೂನಿಫಾರ್ಮ್ ಎಲ್ಲಿ?

ಮಗ: ಮನೇಲಿ. ಕನ್ನಡಕ ಡ್ಯೂಟಿಗೆ ಕಣೇ. ನನಗೆ ರಜೆ ಅಂದ್ರೆ ಅದಕ್ಕೂ ರಜೆ. ನಿಂದೆಲ್ಲಿ?

ಸೊಸೆ: ನನಗೆ ಕನ್ನಡಕ ಎಲ್ಲಾ ಹೊತ್ತೂ ಬೇಡ. ಹತ್ತಿರದ್ದು ಕಾಣಲ್ಲ, ದೂರದ್ದು ಒಂಚೂರು ಮಂಜು, ಅಷ್ಟೆ.

ಮಗ: ಮಡಿಲಲ್ಲಿರೋ ನಕ್ಷೆ ಎಷ್ಟು ದೂರದಲ್ಲಿದೆ ಅಂದ್ಕೊಂಡೆ?

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಉಂಡಾಗಿತ್ತು, ಕಾರಿನಲ್ಲಿ ಮಲಗಲು ಜಾಗವಿರಲಿಲ್ಲ, ಹಾಗಾಗಿ ಜಗಳ ನಡೆಯಿತು. ಅಮ್ಮ ಗಡಿಯಾರ ನೋಡಿಕೊಂಡರು. ಐದಕ್ಕೆ ಹದಿನೈದು ನಿಮಿಷ. ಇನ್ನು ಕ್ಯಾಲೆಂಡರಿನ ಕರಡಿಯೇ ಗತಿ ಅನ್ನಿಸಿ ಅವರಿಗೆ ದುಃಖವಾಯಿತು. ಆದರೆ ಹೇಳಲಿಲ್ಲ. ಹೇಳಿದರೆ ಮಗ ಈ ರಜೆಯನ್ನು ಸಾಯುವ ತನಕ ಕೊರಗಿಕೊಂಡೇ ನೆನೆಯುತ್ತಾನೆ. ಇಳಿಬಿಸಿಲು ಎದುರಿನ ಗಾಜಿನಿಂದ ನುಗ್ಗಿ ಹೊಸ ಕಣ್ಣನ್ನು ಚುಚ್ಚುತ್ತಿತ್ತು. ಅವರು ದಿಂಬನ್ನು ಸರಿಸಿ, ಹಿಂದಿನ ಗಾಜಿನ ಕಡೆಗೆ ಮುಖ ಮಾಡಿ ಕುಳಿತರು.

ಅಲ್ಲಿ ಕರಡಿ ಕೂತಿತ್ತು.

ನಲವತ್ತು ಹೆಜ್ಜೆ ದೂರದಲ್ಲಿ, ದಾರಿಯ ಅಂಚಿನ ಪೊದೆಯ ಪಕ್ಕ, ಊಟವಾದ ಮೇಲೆ ಜಗಲಿಯಲ್ಲಿ ಕೂರುವವರ ಹಾಗೆ ಕಾಲು ಚಾಚಿಕೊಂಡು. ಬಿಸಿಲು ನೇರವಾಗಿ ಅದರ ಮೈಮೇಲೆ ಬಿದ್ದಿತ್ತು. ಭುಜದ ಮೇಲಿನ ಕೂದಲು ತುದಿಯಲ್ಲಿ ಕಂದು, ಬುಡದಲ್ಲಿ ಕಪ್ಪು. ಒಂದು ಕಿವಿ ಸ್ವಲ್ಪ ಹರಿದಿತ್ತು, ಒಂದು ಹೊಲಿಗೆ ಹಾಕಿದರೆ ಸರಿಹೋಗುವಷ್ಟು. ಅಮ್ಮ ಗಾಜಿಗೆ ಹಣೆ ಹಚ್ಚಿ ನೋಡಿದರು. ಇಷ್ಟು ಸಂತೋಷ ಈ ವಯಸ್ಸಿನಲ್ಲೂ ಆಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಕರಡಿಯ ಎರಡು ಕಿವಿಯೂ ಕಾರಿನ ಕಡೆಗಿದ್ದವು. ಅದು ಜಗಳ ಕೇಳುತ್ತಿತ್ತು.

ಸೊಸೆ ಉಸಿರೆಳೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿದಾಗ ಅದು ತಲೆ ಎತ್ತಿ ಏಳುವ ಹಾಗೆ ಮಾಡಿತು. ಮಗ “ಅದಿರ್ಲಿ, ನಿನ್ನೆ ಏನಾಯ್ತು ಹೇಳು” ಎಂದು ಶುರು ಮಾಡುತ್ತಲೇ ಮತ್ತೆ ಕೂತಿತು. ಅಮ್ಮನಿಗೆ ಈಗ ಹೊಸ ಸಂಕಟ. ಒಬ್ಬರೇ ನೋಡಿದ್ದನ್ನು ನೋಡಿದೆ ಅಂತ ಹೇಗೆ ಅನ್ನುವುದು? ಮಗನಿಗೂ ತೋರಿಸಬೇಕು. ಆದರೆ ಕರಡಿ ಎಂಬ ಮಾತು ಬಾಯಿಂದ ಬಿದ್ದರೆ ಸೊಸೆ ಕಿರುಚುತ್ತಾಳೆ, ಮಗನ ಕೈ ಹಾರ್ನಿಗೆ ಹೋಗುತ್ತದೆ. ಅವರು ಕಣ್ಣನ್ನು ಗಾಜಿನಿಂದ ಕೀಳದೆ ಪಿಸುಗುಟ್ಟಿದರು.

ಅಮ್ಮ: ತಿರ್ಗಿ.

ಮಗ: ಕೇಳಿಸ್ತಾ? ತಿರ್ಗಿ ಶುರು ಮಾಡಿದ್ರಾ ಅಂತಿದಾಳೆ ಅಮ್ಮ. ಎಲ್ಲಾ ನಿನ್ನಿಂದ.

ಸೊಸೆ: ಅದು ನಿಮಗೆ ಹೇಳಿದ್ದು. ಅತ್ತೆ ಯಾವತ್ತೂ ನನ್ನ ಬೈದಿಲ್ಲ.

ಅಮ್ಮ: ಬೈತಿಲ್ಲ ಕಣಮ್ಮ. ತಿರ್ಗಿ ಅಂದೆ.

ಸೊಸೆ: ತಿರ್ಗಿನಾ? ಸರಿ, ತಿರ್ಗಿ ಹೇಳ್ತೀನಿ. ಅತ್ತೆ ಯಾವತ್ತೂ ನನ್ನ ಬೈದಿಲ್ಲ. ಕೇಳಿಸ್ತಾ?

ಅಮ್ಮ: ಹಾಗಲ್ಲ. ಇಬ್ರೂ ತಿರ್ಗಿ.

ಮಗ: ಇನ್ನೂ ತಿರುಗೋದಾ? ನಾಲ್ಕು ದಿನದಿಂದ ತಿರುಗ್ತಾನೇ ಇದೀವಲ್ಲಮ್ಮ. ಟಯರೆಲ್ಲ ಸವೆದುಹೋಯ್ತು.

ಅಮ್ಮ: ಅಯ್ಯೋ ಕಂದ, ಸ್ವಲ್ಪ ಕೇಳು.

ಮಗ: ಈಗ ನಮ್ಮ ಮಾತು ಒಂದು ದಡ ಸೇರೋ ಹೊತ್ತು. ಶಿವಪೂಜೇಲಿ ಕರಡಿ ಬಿಟ್ಟ ಹಾಗೆ ನಡುವೆ ಬರಬೇಡಮ್ಮ.

ಅಮ್ಮ: ನಾನು ಬಿಟ್ಟಿಲ್ಲಪ್ಪ. ಅದೇ ಬಂದಿದೆ.

ಮಗ: ಏನು ಬಂದಿದೆ? ಕಾಲಿಗೆ ಜೋಮು ಬಂದಿದೆಯಾ? ಸರಿ ಬಿಡು, ಗಾಡಿ ತಿರುಗಿಸ್ತೀನಿ.

ಅವನ ಕೈ ಕೀಲಿಗೆ ಹೋಯಿತು. ಇಂಜಿನ್ ಒಂದು ಸಲ ಕೆಮ್ಮಿದರೆ ಎಲ್ಲ ಮುಗಿಯಿತು. ಅಮ್ಮನಿಗೆ ಆ ಗಾಬರಿಯಲ್ಲಿ ಎಲ್ಲಿಂದ ಹೊಳೆಯಿತೋ, ನಲವತ್ತು ವರ್ಷ ಬಸ್ಸಿನಲ್ಲಿ ಟೈಲರ್ ಅಂಗಡಿಗೆ ಓಡಾಡಿದವರಲ್ಲವೇ, ಕಂಡಕ್ಟರನ ದನಿಯಲ್ಲಿ ಮೆಲ್ಲಗೆ ಒಂದೇ ಮಾತು ಹೇಳಿದರು.

ಅಮ್ಮ: ಹೋಲ್ಡಾನ್.

ಮಗನ ಕಾಲು ತಾನೇ ತಾನಾಗಿ ಬ್ರೇಕಿನ ಮೇಲೆ ಹೋಗಿ ಕೂತಿತು. ಕೈ ಕೀಲಿ ಬಿಟ್ಟಿತು. ಇಪ್ಪತ್ತೇಳು ವರ್ಷದ ಡ್ಯೂಟಿ ಎಂದರೆ ಅದು. ಕಾರಿನಲ್ಲಿ ಸದ್ದಡಗಿತು, ಅತ್ತ ಕರಡಿ ತಲೆ ಎತ್ತಿತು.

ಅಮ್ಮ: ಜಗಳ ನಿಲ್ಲಿಸ್ಬೇಡಿ.

ಸೊಸೆ: ಏನಂದ್ರಿ ಅತ್ತೆ?

ಅಮ್ಮ: ನಿಮ್ಮ ಪಾಡಿಗೆ ಜಗಳ ಆಡ್ತಾ ಇರಿ ಅಂದೆ. ಬಾಯಿ ಆಡ್ಲಿ. ಕತ್ತು ಮಾತ್ರ ಮೆಲ್ಲಗೆ ಹಿಂದಕ್ಕೆ ಹೊರಳಿಸಿ.

ಮದುವೆಯಾದ ದಿನದಿಂದ “ಜಗಳ ಸಾಕು” ಎಂದೇ ಕೇಳಿದ್ದ ಇಬ್ಬರೂ ಜಗಳಕ್ಕೆ ಮಾತು ಹುಡುಕತೊಡಗಿದರು. ಕೇಳದೆ ಬರುವ ಜಗಳ ಕೇಳಿದಾಗ ಬರುವುದಿಲ್ಲ.

ಮಗ: ನೀನು... ನೀನು ರೈಟ್ ಅಂದೆ.

ಸೊಸೆ: ಹೌದು. ಅಂದೆ.

ಮಗ: ಅನ್ನಬಾರದಿತ್ತು.

ಸೊಸೆ: ಇರಬಹುದು.

ಇಷ್ಟು ಸಪ್ಪೆ ಜಗಳವನ್ನು ಅವರು ಹಿಂದೆಂದೂ ಆಡಿರಲಿಲ್ಲ. ಆಡುತ್ತಲೇ ಇಬ್ಬರೂ ಕತ್ತು ಹೊರಳಿಸಿ, ಕಣ್ಣು ಕಿರಿದು ಮಾಡಿ ಹಿಂದಿನ ಗಾಜಿನಾಚೆ ನೋಡಿದರು.

ಮಗ: ಅಮ್ಮ, ಅದು ಬೊಡ್ಡೆ.

ಸೊಸೆ: ಹೌದು ಅತ್ತೆ. ಸುಟ್ಟ ಬೊಡ್ಡೆ. ಪಾಪ, ನಿಮಗೆ ಆಸೆ, ಅದಕ್ಕೇ ಹಾಗೆ ಕಾಣ್ತಿದೆ.

ಮಗ: ಬೇಜಾರು ಮಾಡ್ಕೋಬೇಡ. ಹನ್ನೊಂದು ಆಗಿತ್ತು, ಇದು ಹನ್ನೆರಡನೇದು.

ಅಮ್ಮ: ಹೌದಾ? ಬೊಡ್ಡೆನಾ? ನೀವಿಬ್ರೂ ಹೇಳ್ತೀರಿ ಅಂದ್ಮೇಲೆ ಬೊಡ್ಡೆನೇ ಇರ್ಬೇಕು. ಹೊಟ್ಟೆ ಕೆರ್ಕೊಳ್ತಿದೆ, ನೋಡಿ.

ಬೊಡ್ಡೆ ಹೊಟ್ಟೆ ಕೆರೆದುಕೊಂಡು, ಆಕಳಿಸಿ, ನಾಲ್ಕು ಕಾಲಿನ ಮೇಲೆ ಎದ್ದು ನಿಂತಿತು. ಸೊಸೆ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಮಗ ತನ್ನ ಕೈಗಳನ್ನು ಹಾರ್ನಿಗೆ ಹೋಗದ ಹಾಗೆ ತೊಡೆಯ ಕೆಳಗಿಟ್ಟುಕೊಂಡು ಕೂತ. ಜಗಳ ಪೂರ್ತಿ ನಿಂತುಹೋಗಿತ್ತು. ಕರಡಿ ಇನ್ನೂ ಸ್ವಲ್ಪ ಹೊತ್ತು ಕಾದು ನೋಡಿತು. ಆಮೇಲೆ, ನಾಟಕ ಮುಗಿದ ಮೇಲೆ ಎದ್ದು ಹೋಗುವವರಂತೆ, ಅವಸರವಿಲ್ಲದೆ ಪೊದೆಯೊಳಗೆ ನಡೆದುಹೋಯಿತು.

ಅಮ್ಮ: ಬೊಡ್ಡೆ ಹೋಯ್ತು.

ಐದು ಹೊಡೆದದ್ದು ಯಾರಿಗೂ ಗೊತ್ತಾಗಲಿಲ್ಲ. ಎಲ್ಲೋ ಒಂದು ಗೇಟು ಮುಚ್ಚಿರಬೇಕು.

ಮಗ: ಅಮ್ಮ, ಚೆನ್ನಾಗಿ ಕಾಣಿಸ್ತಾ?

ಅಮ್ಮ: ಒಂದೊಂದು ಕೂದಲೂ ಕಾಣಿಸ್ತು ಕಂದ.

ಅವನು ಮೂಗು ಒರೆಸಿಕೊಂಡು, ಕಣ್ಣಿಗೆ ಬಿಸಿಲು ಬಡಿಯಿತು ಎಂದ. ಬಿಸಿಲು ಆಗಲೇ ಮರದ ಹಿಂದೆ ಇಳಿದಿತ್ತು. ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಕಾರಿನಲ್ಲಿ ಬಹಳ ದಿನದ ಮೇಲೆ ಒಂದು ನೆಮ್ಮದಿ ಬಂದು ಕೂತಿತು. ಅದು ಎರಡು ನಿಮಿಷ ಇತ್ತು.

ಸೊಸೆ: ಹೇಗೋ, ನಾನು ರೈಟ್ ಅಂದಿದ್ದಕ್ಕೆ ಅತ್ತೆಗೆ ಕರಡಿ ಸಿಕ್ತು.

ಮಗ: ನೀನು ಅಂದಿದ್ದಕ್ಕಾ? ನೀನು ಅಂದ ಹಾಗೆ ಬಲಕ್ಕೆ ಹೋಗಿದ್ರೆ ಗೇಟಲ್ಲಿ ಕ್ಯೂ ನಿಂತಿರ್ತಿದ್ವಿ. ನಾನು ಸೀದಾ ಬಂದಿದ್ದಕ್ಕೆ ಸಿಕ್ಕಿದ್ದು.

ಸೊಸೆ: ತಿರ್ಗಿ ಎಡಕ್ಕೆ ಅಂತ ಯಾರು ಹೇಳಿದ್ದು?

ಮಗ: ಎರಡು ಸಲ ಎಡಕ್ಕೆ ಹೋಗಿದ್ದು ಯಾರು? ದಾರಿ ತಪ್ಪಿಸಿದ್ದು ನಾನು.

ಸೊಸೆ: ನೀವಲ್ಲ, ನಾನು ತಪ್ಪಿಸಿದ್ದು. ನಿಮಗೆ ಸ್ವಂತವಾಗಿ ದಾರಿ ತಪ್ಪೋಕೂ ಬರಲ್ಲ.

ಅಮ್ಮ ದಿಂಬನ್ನು ಬೆನ್ನಿಗೆ ಸರಿಮಾಡಿಕೊಂಡು, ಫ್ಲಾಸ್ಕಿನ ಮುಚ್ಚಳ ಬಿಚ್ಚಿ, ಮತ್ತೆ ಹಿಂದಿನ ಗಾಜಿನ ಕಡೆ ಮುಖ ಮಾಡಿ ಕೂತರು.

ಅಮ್ಮ: ಇನ್ನೂ ಸ್ವಲ್ಪ ಜೋರಾಗಿ ಆಡ್ರಪ್ಪ. ತಿರ್ಗಿ ಬಂದ್ರೂ ಬರುತ್ತೆ.