ಸ್ವಂತ ಮುಖ, ಸ್ವಂತ ಮೇಕಪ್

ರಕ್ಷಿತಾಳ ದೂರು ಒಂದೇ. ಮದುವೆ ತನ್ನದು, ಆದರೆ ಮುಖ ಮಾತ್ರ ನೆಂಟರೆಲ್ಲರ ಜಂಟಿ ಆಸ್ತಿ. ನಿಶ್ಚಿತಾರ್ಥವಾದಂದಿನಿಂದ ಮನೆಗೆ ಬಂದವರೆಲ್ಲ ಅದನ್ನು ವರ್ತೂರಿನಲ್ಲಿ ಸೈಟು ನೋಡುವ ಹಾಗೆ ನೋಡಿ ಹೋಗುತ್ತಿದ್ದರು. ಕಣ್ಣಿನ ಕೆಳಗೆ ಸ್ವಲ್ಪ ತಗ್ಗಿದೆ, ತುಂಬಿಸಬೇಕು. ಹುಬ್ಬಿನ ಬೌಂಡರಿ ಸರಿಯಿಲ್ಲ, ಎಳೆಸಬೇಕು. ಹೀಗೆ ನೋಡುವವರಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ಶಾಂತಿ ಚಿಕ್ಕಮ್ಮ.

ಹೆಸರು ಶಾಂತಿ. (ನಾಮಕರಣದ ಹೊತ್ತಿನಲ್ಲಿ ಮಗು ನಿದ್ದೆ ಮಾಡುತ್ತಿದ್ದಿರಬೇಕು.) ರಕ್ಷಿತಾಳ ತಾಯಿಯ ಒಡಹುಟ್ಟಿದ ತಂಗಿ. ರಾಣೆಬೆನ್ನೂರಿನಿಂದ ಮದುವೆಯಾಗಿ ಕಾಡುಗೋಡಿಗೆ ಬಂದವಳು ಮಾರ್ಕೆಟ್ಟಿನ ಪಕ್ಕ ಬ್ಯೂಟಿ ಪಾರ್ಲರ್ ತೆರೆದು, ವೈಟ್‌ಫೀಲ್ಡಿನ ಅರ್ಧದಷ್ಟು ಹುಬ್ಬುಗಳನ್ನು ಒಂದು ದಾರದ ತುದಿಯಲ್ಲಿ ಆಳುತ್ತಿದ್ದಳು.

"ಮದುವಣಗಿತ್ತಿ ಮೇಕಪ್ ನಂದು. ಆ ಮಾತು ಯಾರೂ ಎತ್ತೋ ಹಾಗೇ ಇಲ್ಲ" ಎಂದು ಚಿಕ್ಕಮ್ಮ ಘೋಷಿಸಿದಳು.

"ಬೇಡ ಚಿಕ್ಕಮ್ಮ. ನನ್ನ ಮೇಕಪ್ ನಾನೇ ಮಾಡ್ಕೋತೀನಿ."

ನನ್ನ ತಾಳಿ ನಾನೇ ಕಟ್ಟಿಕೊಳ್ಳುತ್ತೇನೆ ಎಂದಿದ್ದರೂ ಮನೆ ಅಷ್ಟು ಸ್ತಬ್ಧವಾಗುತ್ತಿರಲಿಲ್ಲ. ಅಪ್ಪ ಗದಿಗೆಪ್ಪನವರು ಪೇಪರಿನ ಹಿಂದೆ ಅಡಗಿದರು. ಅಮ್ಮ ಒಲೆ ಆರಿಸುವ ನೆಪದಲ್ಲಿ ಅಡುಗೆಮನೆಗೆ ಓಡಿದಳು. (ಒಲೆ ಹಚ್ಚೇ ಇರಲಿಲ್ಲ.)

"ಯಾಕಮ್ಮ? ನನ್ನ ಕೈಗೇನಾಗಿದೆ?"

ಆ ಕೈಗೇನೂ ಆಗಿರಲಿಲ್ಲ. ಆಗಿದ್ದೆಲ್ಲ ಆ ಕೈಗೆ ಸಿಕ್ಕವರಿಗೆ. ಹೋದ ವರ್ಷ ದೊಡ್ಡಪ್ಪನ ಮಗಳ ಮದುವೆಯಲ್ಲಿ ಚಿಕ್ಕಮ್ಮ ಮಾಡಿದ ಅಲಂಕಾರದ ಮಹಿಮೆಯಿಂದ, ಹೆತ್ತಪ್ಪನೇ ಮಗಳ ಎದುರಿಗೆ ನಿಂತು, "ನಮ್ಮ ಹುಡುಗಿ ರೆಡಿ ಆದಳೇನ್ ತಾಯಿ?" ಎಂದು ಕೈಮುಗಿದು ಕೇಳಿದ್ದರು. ಅವತ್ತು ಬಿದ್ದು ಬಿದ್ದು ನಕ್ಕ ರಕ್ಷಿತಾ ಅಲ್ಲೇ ಶಪಥ ಮಾಡಿದ್ದಳು. ತನ್ನ ಮದುವೆಯಲ್ಲಿ ನೋಡಿದವರೆಲ್ಲ "ಎಷ್ಟು ಚೆನ್ನಾಗಿದೆ, ಯಾರು ಮಾಡಿದ್ದು?" ಎಂದು ಕೇಳಬೇಕು, ತಾನು "ನಾನೇ" ಎನ್ನಬೇಕು. ಆ "ನಾನೇ" ಎಂಬ ಎರಡಕ್ಷರಕ್ಕಾಗಿ ಅವಳು ಏನು ಬೇಕಾದರೂ ಮಾಡಲು ತಯಾರಿದ್ದಳು.

"ಸಣ್ಣ ಮದುವೆ ಚಿಕ್ಕಮ್ಮ. ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಲ್ಲಿ, ಮನೆಯವರಷ್ಟೇ. ಅದಕ್ಕೆಲ್ಲ ಅಷ್ಟೊಂದು ಯಾಕೆ?"

"ಮದುವೆ ಸಣ್ಣದಾದ್ರೆ ಮುಖಾನೂ ಸಣ್ಣದಾಗುತ್ತೇನೇ?" ಎಂದಳು ಚಿಕ್ಕಮ್ಮ. ಆಮೇಲೆ ಕಣ್ಣೊರೆಸಿಕೊಂಡು, (ಕಾಡಿಗೆ ಕದಲದ ಹಾಗೆ ಕಣ್ಣೊರೆಸುವುದು ಅವಳಿಗೆ ವೃತ್ತಿಯಿಂದ ಬಂದ ವಿದ್ಯೆ) "ಮಾಡ್ಕೋ ತಾಯಿ, ಚೆನ್ನಾಗಿ ಮಾಡ್ಕೋ. ನಾನು ಕಳಸ-ಕನ್ನಡಿ ಹಿಡ್ಕೊಂಡು ಮೂಲೇಲಿ ನಿಂತ್ಕೋತೀನಿ" ಎಂದಳು.

ರಾಣೆಬೆನ್ನೂರಿನ ಕಡೆಯ ಮದುವೆಗಳಲ್ಲಿ ಮಂಟಪಕ್ಕೆ ಬಂದ ಹುಡುಗಿಯ ಪಕ್ಕ ಒಬ್ಬ ಮುತ್ತೈದೆ ತಟ್ಟೆಯಲ್ಲಿ ಕಳಸ, ಅದಕ್ಕೆ ಒರಗಿಸಿದ ಪುಟ್ಟ ಕನ್ನಡಿ ಹಿಡಿದು ನಿಲ್ಲುತ್ತಾಳೆ. ಆ ಗೌರವ ಚಿಕ್ಕಮ್ಮನಿಗೆ ಸಂದಿತು. ರಕ್ಷಿತಾಳೂ ಇಷ್ಟಕ್ಕೇ ಮುಗಿಯಿತಲ್ಲ ಎಂದು ಒಪ್ಪಿಕೊಂಡಳು.

ಇನ್ನು ಅವಳ ಮೇಕಪ್ ಅಭ್ಯಾಸದ ವಿಚಾರ. ರಕ್ಷಿತಾ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ತಪ್ಪು ಹುಡುಕುವುದೇ ಕೆಲಸ. ಯಾರಾದರೂ "ಮೇಡಂ, ನಮ್ಮ ಹತ್ರ ಸರಿಯಾಗೇ ಕಾಣ್ತಿದೆ" ಎಂದರೆ, "ಮೊದಲು ನಿಮ್ಮ ಸೆಟ್ಟಿಂಗ್ಸ್ ನೋಡಿ" ಎಂದು ಬಾಯಿ ಮುಚ್ಚಿಸುವವಳು. ಅವಳ ಭಾವೀ ಗಂಡ ಸಂಗಮೇಶನ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ವೈಟ್‌ಫೀಲ್ಡಿನ ಹುಡುಗಿ ಎಲೆಕ್ಟ್ರಾನಿಕ್ ಸಿಟಿಯ ಹುಡುಗನನ್ನು ಒಪ್ಪಿಕೊಳ್ಳುವುದೆಂದರೆ ಹೊರದೇಶದ ಸಂಬಂಧ ಮಾಡಿದಂತೆಯೇ. ಟ್ರಾಫಿಕ್ಕಿನಲ್ಲಿ ಒಬ್ಬರನ್ನೊಬ್ಬರು ತಲುಪುವಷ್ಟರಲ್ಲಿ ಮಾತಾಡುವ ಹುಮ್ಮಸ್ಸು ಸತ್ತಿರುತ್ತದೆ. ಹಾಗಾಗಿ ಅವರ ಪ್ರೇಮವೆಲ್ಲ ಲ್ಯಾಪ್‌ಟಾಪಿನ ವಿಡಿಯೋ ಕಾಲಿನಲ್ಲೇ ನಡೆದಿತ್ತು. ಮೊದಲ ಕಾಲಿನ ದಿನ ಕಣ್ಣ ಕೆಳಗಿನ ಕಪ್ಪು ಕಾಣದಿರಲಿ ಎಂದು ಅವಳು ಮುಖ ನುಣುಪಾಗಿಸುವ ಒಂದು ಫಿಲ್ಟರ್ ಹಾಕಿಕೊಂಡಿದ್ದಳು. ಅದನ್ನು ತೆಗೆಯಲೇ ಇಲ್ಲ. (ನೀವಾದರೂ ಇದನ್ನು ನೆನಪಿಟ್ಟುಕೊಳ್ಳಿ. ಅವಳು ಮರೆತೇಬಿಟ್ಟಳು.)

ಮೇಕಪ್ಪಿನ ಅಭ್ಯಾಸಕ್ಕೂ ಅದೇ ಲ್ಯಾಪ್‌ಟಾಪ್, ಅದೇ ವಿಡಿಯೋ ಕಾಲಿನ ಪರದೆ. ಕನ್ನಡಿಯ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ. ಕನ್ನಡಿಯಲ್ಲಿ ನಮ್ಮ ಕಣ್ಣಿಗೆ ನಾವು ಕಾಣುತ್ತೇವೆ, ಕ್ಯಾಮೆರಾದಲ್ಲಿ ಲೋಕದ ಕಣ್ಣಿಗೆ ಕಾಣುತ್ತೇವೆ ಎಂಬುದು ಅವಳ ಸಿದ್ಧಾಂತ. ಮೀಟಿಂಗ್ ಮುಗಿದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಬಳಿದುಕೊಳ್ಳುವುದು, ಪರದೆಯಲ್ಲಿ ನೋಡಿ ತಾನೇ ಮರುಳಾಗುವುದು, ಮನೆಯವರು ಕಣ್ಣು ಹಾಕುವ ಮೊದಲೇ ಅಲ್ಲೇ ಹತ್ತಿಯಿಂದ ಒರೆಸಿಬಿಡುವುದು. ಪ್ರತಿ ಸಲವೂ ಅಪ್ಸರೆ. "ಇಷ್ಟು ಸುಲಭವಾದ ಕೆಲಸಕ್ಕೆ ಚಿಕ್ಕಮ್ಮ ಬೋರ್ಡು ಬೇರೆ ಹಾಕ್ಕೊಂಡಿದ್ದಾಳೆ!" ಎಂದುಕೊಂಡಳು.

ಮದುವೆಯ ಬೆಳಗ್ಗೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಚ್ಚಲಿಗೆ ಸಾಲು, ಕಾಫಿಗೆ ಸಾಲು, ಇಸ್ತ್ರಿಪೆಟ್ಟಿಗೆಗೆ ಜಗಳ. ಬೀರುವಿನ ಕನ್ನಡಿಯ ಮೇಲೆ ನೆಂಟರ ಸೀರೆಗಳು ನೇತಾಡುತ್ತಿದ್ದವು; ಉಳಿದ ಜಾಗದಲ್ಲಿ ಯಾರ‍್ಯಾರದೋ ಹಣೆಯ ಟಿಕಳಿಗಳು. ರಕ್ಷಿತಾಳ ಸೀರೆ ಪಿನ್ನು ಕಾಣೆಯಾಗಿದೆ, ಹೂವಿನ ದಂಡೆ ಇನ್ನೂ ಬಂದಿಲ್ಲ, ಫೋನು ನಿಮಿಷಕ್ಕೊಮ್ಮೆ ಹೊಡೆದುಕೊಳ್ಳುತ್ತಿದೆ. ಅವಳು ಬಾಗಿಲ ಬಳಿ ನಿಂತು ಕಾನೂನು ಹೊರಡಿಸಿದಳು: "ಇವತ್ತು ನನ್ನ ಮುಖದ ಬಗ್ಗೆ ಯಾರೂ ಒಂದೇ ಒಂದು ಮಾತಾಡಬಾರದು. ಆಡಿದ್ರೆ ನಾನು ಮಂಟಪಕ್ಕೇ ಬರಲ್ಲ." ಬಾಗಿಲು ಧಡ್ ಎಂದು ಮುಚ್ಚಿತು.

ಲ್ಯಾಪ್‌ಟಾಪ್ ಇಟ್ಟು ಕೆಲಸ ಶುರು. ಕೆನ್ನೆಗೆ ಕೆಂಪು ಹಚ್ಚಿದಳು. ಪರದೆಯಲ್ಲಿ ಕಾಣಲೇ ಇಲ್ಲ. ಇನ್ನಷ್ಟು ಹಚ್ಚಿದಳು, ಯಾವುದೋ ಒಂದು ನೆರಳಿನಷ್ಟು ಕಂಡಿತು. ಮದುವೆ ಅಂದಮೇಲೆ ಕಾಣಬೇಡವೇ? ಇನ್ನೂ ಹಚ್ಚಿದಳು. ಹುಬ್ಬು ತೀಡಿದಳು, ಸಾಲದೆಂದು ಮತ್ತೆ ತೀಡಿದಳು. ತುಟಿಗೆ ಒಂದು ಸುತ್ತು, ಅದರ ಮೇಲೊಂದು ಸುತ್ತು, ಕಾಫಿ ಕುಡಿದರೆ ಅಳಿಸೀತೆಂದು ಮುಂಜಾಗ್ರತೆಗೆ ಮತ್ತೊಂದು ಸುತ್ತು. ಕೊನೆಗೆ ಪರದೆಯಲ್ಲಿ ಸಾಕ್ಷಾತ್ ಪಾರ್ವತಿ ಕಂಡಾಗ ಬ್ರಷ್ ಕೆಳಗಿಟ್ಟು ಹೊರಬಂದಳು.

ಹಾಲ್ ಗಪ್‌ಚುಪ್.

ಅಮ್ಮನ ಕೈಯ ಕಾಫಿ ಲೋಟ ಬಾಯಿಯವರೆಗೆ ಬಂದು ಅಲ್ಲೇ ನಿಂತಿತು. ಅಪ್ಪ ಮಗಳನ್ನು ನೋಡಿ, ಫ್ಯಾನನ್ನು ನೋಡಿ, ಫ್ಯಾನಿಗೇ ಹೇಳಿದರು: "ಕಳೆ... ಭಾಳ ಕಳೆ ಬಂದೈತವ್ವ."

ಕಾನೂನಿಗೆ ಹೆದರದ ಪ್ರಜೆ ಆ ಮನೆಯಲ್ಲಿ ಒಬ್ಬರೇ, ಅಪ್ಪನ ತಾಯಿ ಗೌರಮ್ಮಜ್ಜಿ. ಕನ್ನಡಕ ಏರಿಸಿ ಮೊಮ್ಮಗಳನ್ನು ದಿಟ್ಟಿಸಿದರು. "ಏ ಗದಿಗೆಪ್ಪಾ, ಮದುವಿ ಅಂತ ಹೇಳಿ ಕರ‍್ಕೊಂಡು ಬಂದ್ಯಲ್ಲೋ. ಬಯಲಾಟ ಇಟ್ಕೊಂಡೀರೇನು?"

"ಅತ್ತೀ, ಸುಮ್ಕಿರ‍್ರಿ. ಒಳ್ಳೆ ದಿನ ಅಕಿನ್ನ ಅಳಿಸಬ್ಯಾಡ್ರಿ" ಎಂದು ಅಮ್ಮ ಗದರಿದಳು.

"ಅಳಿಸಿದ್ರ ಛಲೋ ಇತ್ತು" ಎಂದು ಅಜ್ಜಿ ಗೊಣಗಿದ್ದು ರಕ್ಷಿತಾಳಿಗೆ ಕೇಳಿಸಲಿಲ್ಲ. ಅವಳ ಕಿವಿಯಲ್ಲಿ ಆಗಲೇ "ನಾನೇ, ನಾನೇ" ಎಂಬ ವಾದ್ಯ ಮೊಳಗುತ್ತಿತ್ತು. ಎಲ್ಲರೂ ಬೆರಗಾಗಿ ಮಾತು ಕಳೆದುಕೊಂಡಿದ್ದಾರೆ ಎಂದೇ ಅವಳು ತಿಳಿದಳು.

ಅಷ್ಟರಲ್ಲಿ ಶಾಂತಿ ಚಿಕ್ಕಮ್ಮ ಬಂದಳು. ಬಾಗಿಲಲ್ಲೇ ನಿಂತಳು. ತುಟಿಯ ತುದಿ ಒಂಚೂರು ಅದುರಿತು.

"ಹೇಗಿದೆ ಚಿಕ್ಕಮ್ಮ?"

"ಮಾತಾಡೋ ಹಾಗಿಲ್ವಂತಲ್ಲ. ಇರು, ಒಂದು ಫೋಟೋ ತಗೋತೀನಿ. ಸ್ವಲ್ಪ ಬೆಳಕಿಗೆ ತಿರುಗು. ಗಲ್ಲ ಮೇಲೆ. ಹಾಂ, ನಗು."

ರಕ್ಷಿತಾ ಹಲ್ಲು ಕಾಣುವಂತೆ ನಕ್ಕಳು. ಸೋತವರ ಮುಂದೆ ಅಷ್ಟಾದರೂ ದೊಡ್ಡತನ ತೋರಿಸಬೇಕಲ್ಲ!

ಲಿಫ್ಟಿನ ಕನ್ನಡಿಗೆ, ಬಾಡಿಗೆದಾರರ ಸಾಮಾನು ತಾಗಬಾರದೆಂದು ಅಸೋಸಿಯೇಷನ್ನಿನವರು ಪ್ಲೈವುಡ್ ಹೊಡೆಸಿದ್ದರು. ಕೆಳಗೆ ಬಂದಾಗ ದಿನಾ ಸಲ್ಯೂಟ್ ಹೊಡೆಯುವ ಸೆಕ್ಯುರಿಟಿ ಮಲ್ಲಿಕ್ ಎದ್ದು ನಿಂತು, "ಮೇಡಂ, ಯಾವ ಫ್ಲ್ಯಾಟಿಗೆ ಬಂದಿದ್ರಿ?" ಎಂದ. ಸೀರೆಯಲ್ಲಿ ನೋಡಿಲ್ಲ ಪಾಪ ಎಂದುಕೊಂಡು ರಕ್ಷಿತಾ ಮುಂದೆ ನಡೆದಳು. ಕ್ಲಬ್‌ಹೌಸಿನ ಬಾಗಿಲಲ್ಲಿ ಅಮ್ಮ ಅವಸರವಸರವಾಗಿ ಮಗಳ ತಲೆಯ ಮೇಲೆ ಸೆರಗು ಎಳೆದಳು, ಹಣೆಯ ಕೆಳಗೂ ಎಳೆದಳು, ಮೂಗಿನವರೆಗೂ ಎಳೆಯಲು ನೋಡಿದಳು.

"ಅಮ್ಮಾ, ದಾರಿ ಕಾಣ್ತಿಲ್ಲ!"

"ತಲಿ ತಗ್ಗಿಸಿ ಬಾರವ್ವ. ಮದುವಣಗಿತ್ತಿ ಹಂಗ ಬರಬೇಕು."

ಮಂಟಪದಲ್ಲಿ ಅಂತರಪಟ ಹಿಡಿದಾಗಿತ್ತು. ಆ ತುದಿಗೆ ಹುಡುಗನ ಸೋದರಮಾವ ಭರಮಪ್ಪ, ಈ ತುದಿಗೆ ಅಪ್ಪ. ಬಟ್ಟೆಯ ಕೆಳಗೆ ಸಂಗಮೇಶನ ಪಾದಗಳಷ್ಟೇ ಕಾಣುತ್ತಿದ್ದವು. ಒಂದು ಹೆಬ್ಬೆರಳು ಕಾತರದಿಂದ ಕುಣಿಯುತ್ತಿತ್ತು. ಅಯ್ಯನವರು ಮಂತ್ರ ಶುರುಮಾಡಿದರು. ಇನ್ನೇನು ಮಂತ್ರ ಮುಗಿದು, ಪಟ ಇಳಿದು, ಅಕ್ಕಿಕಾಳು ಬೀಳಬೇಕು. ಚಿಕ್ಕಮ್ಮ ಕಳಸ-ಕನ್ನಡಿ ಹಿಡಿದು ಪಕ್ಕದಲ್ಲಿ ಬಂದು ನಿಂತಳು. ನಿಂತವಳು ತಟ್ಟೆಯನ್ನು ನಿಧಾನವಾಗಿ, ಬಹಳ ಭಕ್ತಿಯಿಂದ, ಇವಳ ಕಡೆಗೆ ತಿರುಗಿಸಿದಳು.

ರಕ್ಷಿತಾ ತಲೆಯೆತ್ತಿದಳು. ಕನ್ನಡಿಯೊಳಗಿಂದ ಒಬ್ಬಳು ಇವಳನ್ನೇ ನೋಡುತ್ತಿದ್ದಳು. ಕೆನ್ನೆಗಳೆರಡೂ ಸಿಟ್ಟಿನಲ್ಲಿ ಯಾರೋ ಬಾರಿಸಿದಂತೆ ಕೆಂಪಗೆ, ಹುಬ್ಬುಗಳು ಇದ್ದಿಲಿನಿಂದ ಗೀಚಿದಂತೆ, ತುಟಿಗಳು ಮುಖಕ್ಕಿಂತ ಒಂದು ಹೆಜ್ಜೆ ಮುಂದೆ. ಯಾರಪ್ಪಾ ಇವಳು ಎಂದು ಇವಳು ಬಾಯಿ ತೆರೆದರೆ ಅವಳೂ ತೆರೆದಳು.

ಆಗ ಫಿಲ್ಟರ್ ನೆನಪಾಯಿತು. ಮೊದಲು ನಿಮ್ಮ ಸೆಟ್ಟಿಂಗ್ಸ್ ನೋಡಿ, ಮೊದಲು ನಿಮ್ಮ ಸೆಟ್ಟಿಂಗ್ಸ್ ನೋಡಿ ಎಂದು ಇಡೀ ಆಫೀಸಿಗೆ ಬೋಧಿಸಿದ ಬಾಯಿಂದ ಈಗ ಹೊರಟಿದ್ದು ಬರೀ ಗಾಳಿ.

"ಚಿಕ್ಕಮ್ಮಾ... ಏನಾದ್ರೂ ಮಾಡೇ!" ಎಂದು ಪಿಸುಗುಟ್ಟಿದಳು.

"ಮುಖದ ಬಗ್ಗೆ ಮಾತಾಡಬಾರದು ಅಂದಿದ್ದೆಯಲ್ಲ."

"ನಿನ್ನ ಕಾಲಿಗೆ ಬೀಳ್ತೀನಿ. ಪಟ ಇಳಿದ್ರೆ ಸಂಗು ಎದ್ದು ಓಡ್ತಾನೆ."

"ಮೇಕಪ್ ಯಾರು ಮಾಡಬೇಕಿತ್ತು? ಅದನ್ನ ಹೇಳು ಮೊದಲು."

"ನೀನೇ! ನೀನೇ! ಒರೆಸೇ ಬೇಗ!"

ಚಿಕ್ಕಮ್ಮನಿಗೆ ಅಷ್ಟೇ ಬೇಕಿತ್ತು. ತಟ್ಟೆ ಅಮ್ಮನ ಕೈಗೆ ದಾಟಿತು. ದೀಪಕ್ಕಿಟ್ಟ ಕೊಬ್ಬರಿ ಎಣ್ಣೆ ಬಂತು, ಅಜ್ಜಿಯ ಮಡಿಲಲ್ಲಿದ್ದ ಬತ್ತಿಯ ಅರಳೆ ಬಂತು. ಒಂದು ಕೈ ಗಲ್ಲ ಹಿಡಿಯಿತು, ಇನ್ನೊಂದು ಕೈ ಹಂಡೆ ತಿಕ್ಕುವ ವೇಗದಲ್ಲಿ ತಿಕ್ಕತೊಡಗಿತು.

"ಪಟ ಇಳಸೂಣೇನ್ರಿ?" ಎಂದರು ಅಯ್ಯನವರು.

"ಇನ್ನೊಂದು ಮಂತ್ರ ಹೇಳ್ರಿ ಅಯ್ಯನೋರ!" ಎಂದು ಈ ಕಡೆಯಿಂದ ಅಮ್ಮ, ಅಜ್ಜಿ, ಚಿಕ್ಕಮ್ಮ ಒಟ್ಟಿಗೆ ಕೂಗಿದರು. ಅಯ್ಯನವರು ಅನುಭವಸ್ಥರು. ಮುಗಿದ ಮಂತ್ರವನ್ನೇ ರಾಗ ಎಳೆದು ಮತ್ತೆ ಎತ್ತಿಕೊಂಡರು. ಭರಮಪ್ಪನ ತೋಳು ನಡುಗತೊಡಗಿತು. "ಗದಿಗೆಪ್ಪನೋರ, ಕೈ ಹ್ವಾದುವ್ರಿ!"

"ತಡೀರಿ ಬೀಗರ, ಮುಹೂರ್ತ ಭಾಳ ಗಟ್ಟಿ ಐತಿ" ಎಂದರು ಅಪ್ಪ, ಪಟವನ್ನು ಇನ್ನಷ್ಟು ಮೇಲೆತ್ತುತ್ತ.

"ಏನಾಯ್ತು ಅಲ್ಲಿ?" ಸಂಗಮೇಶನ ದನಿ.

"ಏನಿಲ್ಲ, ಏನಿಲ್ಲ. ದೃಷ್ಟಿ ತೆಗೀತಿದ್ದೀವಿ!" ಎಂದಳು ಚಿಕ್ಕಮ್ಮ. ಕೊನೆಗೆ ಹಣೆಗೆ ವಿಭೂತಿ, ಕುಂಕುಮ, ಕಣ್ಣಿಗೆ ತನ್ನ ಬೆರಳಿನಿಂದಲೇ ಒಂದು ಗೆರೆ ಕಾಡಿಗೆ. ಅಷ್ಟೇ. ಭರಮಪ್ಪ ತೋಳು ಬಿಟ್ಟೇಬಿಟ್ಟ; ಪಟ ಬಿತ್ತು, ಅಕ್ಕಿಕಾಳು ಸುರಿದವು. ಅರಿಶಿನದ ಕಳೆ, ಎಣ್ಣೆಯ ಹೊಳಪಿನ ಮುಖ ನೋಡಿ ಸಂಗಮೇಶ ಹಾರ ಹಾಕುವುದನ್ನೂ ಮರೆತು ನಿಂತ.

"ಏನ್ ಚೆಂದ ಕಾಣ್ತಾಳ್ರಿ ಹುಡುಗಿ! ಮೇಕಪ್ ಯಾರು ಮಾಡಿದ್ರವಾ?" ಎಂದರು ಸಂಗಮೇಶನ ತಾಯಿ.

ಕಾದಿದ್ದ ಪ್ರಶ್ನೆ! ರಕ್ಷಿತಾಳ ನಾಲಿಗೆ ತುದಿಯಲ್ಲಿ ಆ ಎರಡಕ್ಷರ ಎಷ್ಟು ದಿನದಿಂದ ತಯಾರಾಗಿ ಕೂತಿದ್ದವೆಂದರೆ, ತಡೆಯುವಷ್ಟರಲ್ಲಿ ಹೊರಬಿದ್ದುಹೋದವು.

"ನಾನೇ."

ಚಿಕ್ಕಮ್ಮ ಬರೀ ನಕ್ಕಳು. ಆ ನಗು ರಕ್ಷಿತಾಳ ಊಟ ಕೆಡಿಸಿತು. ಆಮೇಲೂ ಎಷ್ಟೋ ದಿನ ಫೋನು ಹೊಡೆದುಕೊಂಡಾಗಲೆಲ್ಲ ಚಿಕ್ಕಮ್ಮ ನಿಜ ಹೇಳಿಬಿಟ್ಟಾಳೆಂದು ಅವಳೇ ಓಡಿ ಎತ್ತಿಕೊಳ್ಳುತ್ತಿದ್ದಳು. ಸಂಗಮೇಶನೋ, "ನನ್ನ ಹೆಂಡತಿ ಮದುವೆಗೂ ತಾನೇ ಮೇಕಪ್ ಮಾಡ್ಕೊಂಡಳು ಕಣೋ" ಎಂದು ಆಫೀಸಿನ ತುಂಬ ಸಾರಿಕೊಂಡು ಬಂದಿದ್ದ.

ಒಂದು ಭಾನುವಾರ ಇಬ್ಬರೂ ಕಾಡುಗೋಡಿ ಮೆಟ್ರೋ ಇಳಿದು ಚಿಕ್ಕಮ್ಮನ ಮನೆಗೆ ಊಟಕ್ಕೆ ಹೊರಟರು. ಪಾರ್ಲರಿನ ಮುಂದೆ ಸಂಗಮೇಶ ಗಕ್ಕನೆ ನಿಂತ. ಬಾಗಿಲ ಮೇಲೆ ಹೊಸ ಫ್ಲೆಕ್ಸು. ಎಡಗಡೆ "ಮೊದಲು", ಬಲಗಡೆ "ನಂತರ". ಎರಡೂ ಕಡೆ ಆಳೆತ್ತರದ ಮುಖ.

"ರಕ್ಷೀ, ಬಲಗಡೆ ಇರೋದು ನೀನು!"

"ಹೂಂ."

"ಎಡಗಡೆ ಯಾರೇ ಇದು? ಅಬ್ಬಾ! ನಿನ್ನ ಪಕ್ಕ ಯಾರದೋ ಫೋಟೋ ಹಾಕಿ ನೀನೇ ಅನ್ನೋ ಹಾಗೆ ತೋರಿಸಿದಾರಲ್ಲ! ಇದು ಚೀಟಿಂಗ್. ಅದೂ ಅಲ್ದೆ ನಿನ್ನ ಮೇಕಪ್ ನೀನೇ ಮಾಡ್ಕೊಂಡಿದ್ದು. ಚಿಕ್ಕಮ್ಮ ಆದ್ರೇನು, ನಾನು ಕೇಳೇ ಕೇಳ್ತೀನಿ." ಅವನು ತೋಳೇರಿಸಿಕೊಂಡು ಮೆಟ್ಟಿಲು ಹತ್ತಿಯೇ ಬಿಟ್ಟ.

ರಕ್ಷಿತಾ ಅವನ ಅಂಗಿ ಹಿಡಿದೆಳೆದಳು. ಗಾಜಿನ ಬಾಗಿಲ ಆಚೆ ಚಿಕ್ಕಮ್ಮ ದಾರ ಹಿಡಿದುಕೊಂಡೇ ಇವರ ಕಡೆ ತಿರುಗಿದ್ದಳು, ಅದೇ ನಗು.

"ಬೇಡ ಸಂಗು, ಕೇಳಬೇಡ."

"ಯಾಕೆ?"

ರಕ್ಷಿತಾ ಎಡಗಡೆಯ ಮುಖವನ್ನೊಮ್ಮೆ ನೋಡಿದಳು. ಅದು ಹಲ್ಲು ಕಾಣುವಂತೆ ನಗುತ್ತಿತ್ತು.

"ಮೇಕಪ್ಪು... ಚಿಕ್ಕಮ್ಮನೇ ಮಾಡಿದ್ದು."

"ಆಂ? ಮತ್ತೆ ಎಡಗಡೆಯವರು?"

"ಯಾರೋ ಪಾಪ" ಎಂದಳು ರಕ್ಷಿತಾ. "ನಂಗೆ ಗೊತ್ತಿಲ್ಲ."