ನಮ್ಮ ಮನೆಯವರು ಅಂಜುತ್ತ ಓಡಿದ್ದು

ನಮ್ಮ ಮನೆಯವರು ದಿನಾ ಬೆಳಿಗ್ಗೆ ಓಡುತ್ತಾರೆ ಎಂದರೆ ಬೀದರಿನಲ್ಲಿ ಒಬ್ಬರೂ ನಂಬುವುದಿಲ್ಲ. ಏನನ್ನೋ ನೋಡಿ ಹೆದರಿ ಓಡುತ್ತಾರೆ ಎಂದರೆ ಮಾತ್ರ, 'ಹಾಂ, ಅದು ಖರೇ ಇರಬೇಕು ನೋಡ್ರಿ' ಎಂದು ತಲೆಯಾಡಿಸುತ್ತಾರೆ! ಕಟ್ಟಿಕೊಂಡವಳು ನಾನು, ಹೇಳುತ್ತೇನೆ ಕೇಳಿ: ಎರಡೂ ನಿಜ.

ಇವರು ಔರಾದಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಗುರುತ್ವಾಕರ್ಷಣೆಯನ್ನು ಕಲಿಸಿ ಕಲಿಸಿ, ಮೇಲಿರುವುದೆಲ್ಲ ಒಂದಲ್ಲ ಒಂದು ದಿನ ಕೆಳಗೆ ಬೀಳಲೇಬೇಕು ಎಂಬ ನಂಬಿಕೆ ಬಲಿತುಬಿಟ್ಟಿದೆ. ಹಾಗಾಗಿ ಫ್ಯಾನಿನ ಕೆಳಗೆ ಮಲಗುವುದಿಲ್ಲ. ಗೋಡೆಗೆ ಅಂಟಿಕೊಂಡು ಮಲಗಿ, ಬೇಸಿಗೆಯಿಡೀ ಬೆವರುತ್ತಾರೆ. ಕುಕ್ಕರ್ ಸೀಟಿ ಹೊಡೆಯುವ ಮೊದಲು ಬುಸುಗುಡುತ್ತದಲ್ಲ, ಅಷ್ಟರಲ್ಲಿ ಅಂಗಳದಲ್ಲಿರುತ್ತಾರೆ. ಔರಾದಿನ ಬಸ್ಸಿನಲ್ಲಿ ತುರ್ತು ಬಾಗಿಲಿನ ಪಕ್ಕದ ಸೀಟೇ ಬೇಕು. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಾರೆ. ಇಂಥವರ ಜೊತೆ ಸಂಸಾರ ಮಾಡುತ್ತ ಮಾಡುತ್ತ ನಾನು ಧೈರ್ಯವಂತೆಯಾಗಿಬಿಟ್ಟೆ. ಆಗದೆ ಏನು ಮಾಡಲಿ? ಹಲ್ಲಿ ಓಡಿಸುವವರು ಮನೆಗೊಬ್ಬರು ಬೇಕಲ್ಲ!

ಹೀಗಿರುವಾಗ ಒಂದು ದಿನ ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು, "ಮಾಸ್ತರೇ, ಶುಗರ್ ಬಾಗಿಲ ತನಕ ಬಂದು ನಿಂತದ. ಇನ್ನೂ ಒಳಗ ಬಂದಿಲ್ಲ. ಮೊದಲ ನಡೀರಿ, ಆಮ್ಯಾಲ ಸಾವಕಾಶ ಓಡ್ರಿ. ಇಲ್ಲಾಂದ್ರ ಮುಂದ ಇಂಜೆಕ್ಷನ್ನೇ" ಎಂದರು. ಇವರು ಇಂಜೆಕ್ಷನ್ ಎಂಬ ಶಬ್ದವೊಂದನ್ನು ಬಿಟ್ಟು ಬೇರೇನನ್ನೂ ಕೇಳಿಸಿಕೊಳ್ಳಲಿಲ್ಲ. ಓಟ ಶುರುವಾದದ್ದು ಹೀಗೆ.

ಮೊದಲು ಬೂಟು ಬೇಕಾಯಿತು. ಭಾಲ್ಕಿಯಲ್ಲಿ ನನ್ನ ತಮ್ಮನಿದ್ದಾನೆ, ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಅವನು ಫೋನಿನಲ್ಲಿ, "ಮಾಮಾ, ಬಾಕಿ ಏನರೆ ಇರಲಿ ಬಿಡಲಿ, ಬೂಟು ಮಾತ್ರ ಚಲೋ ಇರಬೇಕು" ಎಂದಿದ್ದ. ಬೆಳಿಗ್ಗೆಯೇ ಇವರನ್ನು ಕರೆದುಕೊಂಡು ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ನಮಗೆ ಪರಿಚಯವಿರುವ ಚಾಚಾ ಒಬ್ಬರ ಅಂಗಡಿಗೆ ಹೋದೆ. ಚಾಚಾ ನಗುತ್ತ, "ಮಾಸ್ತರ ಸಾಬ್, ಶಾಮ್‌ಕೋ ಬರ್ರಿ. ಸಂಜಿ ಅಂದ್ರ ಕಾಲು ಜರಾ ಉಬ್ಬಿರ್ತಾವ, ಆಗ ಅಳತಿ ಸರಿ ಸಿಗ್ತದ" ಎಂದರು. ಅಷ್ಟೇ! ಅವತ್ತು ಇಡೀ ದಿನ ಇವರು ಸಾಕ್ಸ್ ಬಿಚ್ಚಿ ಬಿಚ್ಚಿ ಕಾಲು ಒತ್ತಿ ನೋಡಿಕೊಂಡರು.

"ಏ, ಕಾಲು ಉಬ್ಬೋದಂದ್ರ ಕಿಡ್ನಿ ಕೆಲಸ ಅಲ್ಲೇನು?"

"ಚಾಚಾ ಬೂಟಿನ ಅಂಗಡಿಯವರ್ರಿ, ಕಿಡ್ನಿ ಡಾಕ್ಟರ್ ಅಲ್ಲ."

ಸಂಜೆ ಮತ್ತೆ ಹೋದಾಗ, ಓಡುವಾಗ ಹಾಕುವ ಸಾಕ್ಸ್ ತೊಡಿಸಿಯೇ ಚಾಚಾ ಬೂಟು ಹಾಕಿಸಿದರು. ಹೆಬ್ಬೆರಳಿನ ಮುಂದೆ ಒಂದು ಬೆರಳಿನ ಜಾಗ ಬಿಡಿಸಿದರು. ಅಂಗಡಿಯೊಳಗೇ ನಡೆಸಿದರು, ಕುಣಿಸಿದರು. ಎಲ್ಲ ಸರಿಹೋಯಿತು. ಮನೆಗೆ ಬಂದ ಮೇಲೆ ಇವರಿಗೆ ಹೊಸ ಭಯ. ಓಡುವಾಗ ಲೇಸು ಬಿಚ್ಚಿ ಕಾಲಿಗೆ ಸಿಕ್ಕರೆ? ಗಂಟಿನ ಮೇಲೆ ಗಂಟು, ಅದರ ಮೇಲೆ ಮತ್ತೊಂದು ಗಂಟು ಹಾಕಿದರು. ಆ ಗಂಟುಗಳನ್ನು ಆಮೇಲೆ ಅವರಿಂದಲೂ ಬಿಚ್ಚಲಾಗಲಿಲ್ಲ, ನನ್ನಿಂದಲೂ ಆಗಲಿಲ್ಲ. ಬೂಟು ಹಾಕಿಕೊಂಡೇ ಊಟಕ್ಕೆ ಕೂತರು! ಕೊನೆಗೆ ನಾನು ಕತ್ತರಿ ತಂದೆ. ಕತ್ತರಿ ನೋಡಿ ಕಣ್ಣು ಮುಚ್ಚಿಕೊಂಡ ಮಹಾರಾಯರು, "ಬೆರಳು ಬಿಟ್ಟು ಕತ್ತರಿಸು" ಎಂದರು.

ಮೊದಮೊದಲು ಸ್ವಲ್ಪ ಓಡಿ, ಸ್ವಲ್ಪ ನಡೆದು, ಮತ್ತೆ ಓಡಬೇಕು ಎಂದು ತಮ್ಮ ಹೇಳಿದ್ದ. ಇವರು ಕೋಟೆ ಕಡೆಯ ರಸ್ತೆಯಲ್ಲಿ ಹಾಗೇ ಮಾಡುತ್ತಿದ್ದರು. ಹಿಂದೆ ಸ್ಕೂಟಿಯ ಮೇಲೆ ನಾನು. ಯಾಕೆಂದರೆ ನಾಯಿ. ನಾಯಿ ಇಲ್ಲದಿದ್ದರೆ ನಾಯಿ ಬರಬಹುದಾದ ತಿರುವು. ನಾಯಿಗಳೇನೋ ಇವರನ್ನು ನೋಡಿ ಆಕಳಿಸಿ ಮಗ್ಗುಲು ಬದಲಿಸುತ್ತಿದ್ದವು. ಇವರ ವೇಗಕ್ಕೆ ಎದ್ದು ಬೆನ್ನಟ್ಟುವುದು ಯಾವ ನಾಯಿಗಾದರೂ ಮರ್ಯಾದೆಯೇ?

ಒಂದು ಬೆಳಿಗ್ಗೆ ಇವರು ಇದ್ದಕ್ಕಿದ್ದಂತೆ ನಿಂತು, ಎದೆ ನೋಡಿಕೊಂಡು, ರಸ್ತೆಯ ಬದಿಯಲ್ಲಿ ಉದ್ದಕ್ಕೆ ಮಲಗಿಬಿಟ್ಟರು! ನಾನು ಸ್ಕೂಟಿ ಎಸೆದು ಓಡಿದೆ. ಬಿಳಿ ಬನಿಯನ್ ಮೇಲೆ ರಕ್ತದ ಕಲೆ.

"ಹೃದಯ ಒಡದದ" ಎಂದರು ಸಣ್ಣ ದನಿಯಲ್ಲಿ. "ನಮ್ಮ ಸಾಲಿ ಮಕ್ಕಳಿಗಿ ಹೇಳು, ಚಲೋ ಓದ್ರಿ ಅಂತ."

ತಮ್ಮನಿಗೆ ಫೋನು ಹಚ್ಚಿ ಅಳುತ್ತಲೇ ವಿವರಿಸಿದೆ. ಅವನು, "ಅಕ್ಕಾ, ಕಲೆ ಒಂದೇ ಅದ ಏನು, ಎರಡ ಅವ ಏನು?" ಎಂದ.

ನೋಡಿದೆ. ಎರಡಿದ್ದವು. ಎಡಕ್ಕೊಂದು, ಬಲಕ್ಕೊಂದು.

"ಮಾಮಾಗ ಹೃದಯ ಎರಡ ಅವ ಏನು? ಕಾಟನ್ ಬನಿಯನ್ ಬೆವರಿಗಿ ತೊಯ್ದು, ತಿಕ್ಕಿ ತಿಕ್ಕಿ ಎದಿ ಚರ್ಮ ಕಿತ್ತದ. ನಾಳಿಂದ ತೆಳ್ಳಗ ಬೆವರ ಆರೋ ಅಂಥಾ ಅಂಗಿ ಹಾಕಲಿಕ್ಕಿ ಹೇಳು. ತಿಕ್ಕೋ ಕಡಿ ವ್ಯಾಸಲೀನ್ ಹಚ್ಚಲಿ."

ಮಲಗಿದಲ್ಲಿಂದಲೇ ಎಲ್ಲ ಕೇಳಿಸಿಕೊಂಡ ಇವರು ಎದ್ದು ಮಣ್ಣು ಕೊಡವಿಕೊಂಡರು. ಮರುದಿನದಿಂದ ವ್ಯಾಸಲೀನ್ ಹಚ್ಚಿದ್ದೇ ಹಚ್ಚಿದ್ದು. ಎದೆ, ಕಂಕುಳು, ತೊಡೆ, ಮುನ್ನೆಚ್ಚರಿಕೆಗೆಂದು ಕಿವಿ! ಅಪ್ಪಿತಪ್ಪಿ ಬಿದ್ದರೆ ಹಿಡಿಯುವುದು ಹೇಗೆ ಎಂಬ ಚಿಂತೆ ಈಗ ನನ್ನದಾಯಿತು.

ಊಟದ ಕಥೆ ಚಿಕ್ಕದು. ಖಾಲಿ ಹೊಟ್ಟೆಯಲ್ಲಿ ಓಡಿದರೆ ತಲೆ ತಿರುಗಿ ಬಿದ್ದುಬಿಡುತ್ತೇನೆ ಎಂದು ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಮೇಲೆ ಮೊಸರು ಹೊಡೆದು ಓಡಲು ಹೋದರು. ಕೋಟೆಯ ಕಂದಕ ಬರುವಷ್ಟರಲ್ಲಿ ಝುಣಕ ಮರಳಿ ಬಂತು. ಅದಕ್ಕೂ ತಮ್ಮನೇ ದಾರಿ ಹೇಳಿದ: ಓಡುವುದಕ್ಕೆ ಸಾಕಷ್ಟು ಮೊದಲು ಒಂದು ಬಾಳೆಹಣ್ಣು, ರೊಟ್ಟಿ ಪಲ್ಯವೆಲ್ಲ ಓಡಿ ಬಂದ ಮೇಲೆ. "ಮತ್ತ ಮಾಮಾ, ಸ್ಪರ್ಧಾ ಇದ್ದ ದಿನ ಹೊಸಾ ಬೂಟು, ಹೊಸಾ ತಿನಿಸು ಏನೂ ಬ್ಯಾಡ್ರಿ" ಎಂದೂ ಸೇರಿಸಿದ.

ಆದರೆ ಇವರ ಎಲ್ಲ ಭಯಗಳ ರಾಜನೆಂದರೆ ನೀರಡಿಕೆಯ ಭಯ. ನಮ್ಮ ಬೀದರಿನ ಬಿಸಿಲು ಗೊತ್ತಲ್ಲ? ಮೈಯ ನೀರೆಲ್ಲ ಆರಿ ಹೋಗಿ, ತಾನು ಹಪ್ಪಳದ ಹಾಗೆ ಮುರುಟಿ ರಸ್ತೆಯ ಮೇಲೆ ಬಿದ್ದಿರುವಂತೆ ಇವರಿಗೆ ಕನಸು ಬೀಳುತ್ತಿತ್ತು. ಸೊಂಟಕ್ಕೊಂದು ಪಟ್ಟಿ ಕಟ್ಟಿ ಸುತ್ತ ಬಾಟಲಿ ಸಿಕ್ಕಿಸಿಕೊಂಡರು. ಓಡಿದರೆ ಕುಲುಕುಲು ಸದ್ದು. ಹಾಲಿನವರು ಬಂದರೆಂದು ತಿಳಿದು ಒಬ್ಬ ಅಜ್ಜಿ ಪಾತ್ರೆ ಹಿಡಿದು ಹೊರಗೆ ಬಂದಿದ್ದರು! ಮೂತ್ರದ ಬಣ್ಣ ತಿಳಿ ಇದ್ದರೆ ಮೈಯಲ್ಲಿ ನೀರು ಸಾಕಷ್ಟಿದೆ ಎಂದರ್ಥ ಎಂದು ಎಲ್ಲೋ ಕೇಳಿ ಬಂದರು. ಅಂದಿನಿಂದ ಬಚ್ಚಲಿನಿಂದಲೇ ವರದಿ.

"ಏ, ಇವತ್ತ ಕಡ್ಲಿಬ್ಯಾಳಿ ಬಣ್ಣ!"

"ಸಾವಕಾಶ ಹೇಳ್ರಿ, ಆಜುಬಾಜು ಮಂದಿ ಅದ!"

ನನ್ನ ತಮ್ಮ ಬುದ್ಧಿ ಹೇಳಿದ. "ಮಾಮಾ, ನೀರಡಿಕಿ ಆದಾಗ ಎರಡ ಗುಟುಕು ಕುಡೀರಿ. ಭಾಳ ಹೊತ್ತು ಓಡಿದ್ರ ಲಿಂಬು, ಉಪ್ಪು, ಸಕ್ರಿ ಹಾಕಿದ್ದು ಕುಡೀರಿ. ಬರೇ ನೀರು ಡಬ್ಬಿಗಟ್ಲೆ ಸುರಕೋಬ್ಯಾಡ್ರಿ, ರಕ್ತದಾಗಿನ ಉಪ್ಪು ಇಳೀತದ."

"ನೀರ ಇಲ್ದ ಸತ್ತವರ ಸುದ್ದಿ ಕೇಳೀನಿ. ನೀರ ಕುಡದು ಸತ್ತವರ ಸುದ್ದಿ ಕೇಳಿಲ್ಲ" ಎಂದರು ಇವರು, ಅದೂ ವಿಜ್ಞಾನದ ಮಾಸ್ತರು!

ನಾನೂ ನಕ್ಕೆ. ನಗಬಾರದಿತ್ತು.

ತಮ್ಮನ ಶಾಲೆಯವರು ಭಾಲ್ಕಿಯಲ್ಲಿ ಊರಿನವರಿಗಾಗಿ ಒಂದು ಓಟ ಇಟ್ಟುಕೊಂಡರು. ಶಾಲೆಯ ಗೇಟಿನಿಂದ ಹೊರಟು, ಸಾಯಗಾಂವ ಕಡೆಯ ರಸ್ತೆಯಲ್ಲಿ ಹೋಗಿ ಮರಳಿ ಬರುವುದು. ಇವರೂ ಹೆಸರು ಕೊಟ್ಟರು. ಓಟದ ದಿನ ನಸುಕಿನಿಂದಲೇ ನೀರು. ಹಲ್ಲುಜ್ಜಿ ಒಂದು ತಂಬಿಗೆ, ಬೂಟು ಹಾಕಿ ಒಂದು ತಂಬಿಗೆ, ಗೇಟಿನಲ್ಲಿ ಮತ್ತಷ್ಟು. ಲಿಂಬು ಉಪ್ಪು ಕಲಸಿ ಕೊಟ್ಟ ಬಾಟಲಿಯನ್ನು, "ಹೊಸಾದೇನೂ ಬ್ಯಾಡ ಅಂದಾನ ನಿನ್ನ ತಮ್ಮ" ಎಂದು ನನ್ನ ಕೈಗೇ ಮರಳಿಸಿದರು. ಸೊಂಟದ ಬಾಟಲಿಗಳಲ್ಲಿ ಬರೀ ನೀರು ತುಂಬಿಕೊಂಡು ಕುಲುಕುತ್ತ ಹೋದರು. ಅಂದು ಸ್ಕೂಟಿ ಬೀದರಿನಲ್ಲಿತ್ತು. ನಾನು ಗೇಟಿನಲ್ಲೇ ನಿಂತೆ.

ಹುಡುಗರು ಬಂದರು. ಹೆಂಗಸರು ಬಂದರು. ನಡೆಯುತ್ತ ಹೋಗಿದ್ದ ಒಬ್ಬ ಹಿರಿಯರೂ ಹರಟುತ್ತ ಬಂದರು. ಬಿಸಿಲು ಚುರುಕಾಯಿತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಬಂದವು. ಇವರು ಬರಲಿಲ್ಲ. ಪ್ರತಿ ಟ್ರ್ಯಾಕ್ಟರಿನ ಮರೆಯಿಂದ ಇವರ ಬಾಟಲಿಯ ಸದ್ದು ಕೇಳಿಸೀತೇ ಎಂದು ಕಾದೆ. ಆಮೇಲೆ ಕಾಯುವುದು ಆಗಲಿಲ್ಲ. ತಮ್ಮನ ಬೈಕಿನ ಹಿಂದೆ ಕೂತು ಹೊರಟೆ. ರಸ್ತೆಯ ಎರಡೂ ಬದಿ ಹುಡುಕುತ್ತ ಹೋದೆವು.

ಕಬ್ಬಿನ ಹೊಲದ ಬದಿ, ಬೇವಿನ ಮರದ ಕೆಳಗೆ ಕೂತಿದ್ದರು. ಸುತ್ತ ಬಾಟಲಿಗಳು ಖಾಲಿ ಬಿದ್ದಿದ್ದವು. ವಾಂತಿ ಮಾಡಿಕೊಂಡಿದ್ದರು. ಮುಖ ಬಾತಿತ್ತು, ಉಂಗುರ ಬೆರಳಿಗೆ ಕಚ್ಚಿಕೊಂಡಿತ್ತು. ನನ್ನ ಕಡೆ ನೋಡಿದರು. ಆ ನೋಟ ನನ್ನನ್ನು ದಾಟಿ ಎಲ್ಲಿಗೋ ಹೋಗುತ್ತಿತ್ತು. ನಾನು ಗಾಬರಿಯಲ್ಲಿ ಯಾರೋ ಕೊಟ್ಟ ನೀರಿನ ತಂಬಿಗೆಯನ್ನು ಅವರ ತುಟಿಗೆ ಹಿಡಿದೆ. ತಮ್ಮ ಬೈಕು ನಿಲ್ಲಿಸಿ ಓಡಿ ಬಂದು ಅದನ್ನು ಕಿತ್ತು ದೂರ ಎಸೆದ.

"ಅಕ್ಕಾ, ನೀರ ಬ್ಯಾಡ! ಒಂದ ಹನಿನೂ ಬ್ಯಾಡ! ನೀರಿನಿಂದೇ ಆಗ್ಯದ ಇದು!"

ನೀರು ಕೊಡಬಾರದ ಭಯವನ್ನು ನಾನು ಅಲ್ಲಿಯವರೆಗೆ ಕಂಡೇ ಇರಲಿಲ್ಲ. ತಮ್ಮ ಹಾದು ಹೋಗುತ್ತಿದ್ದ ಜೀಪೊಂದನ್ನು ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಇವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಅವರು ನನ್ನ ಮುಖವನ್ನೇ ನೋಡುತ್ತ ಕೇಳಿದರು: "ನೀವು ಯಾರ್ರಿ, ತಾಯಿ?"

ನಾನು ಸೆರಗಿನಿಂದ ಅವರ ಹಣೆ ಒರೆಸಿದೆ.

"ಸಾಲಿ ಗೇಟಿನಾಗ ನಮ್ಮಾಕಿ ನಿಂತಾಳ್ರಿ. ಆಕಿಗಿ ಹೇಳಬ್ಯಾಡ್ರಿ. ಭಾಳ ಅಂಜ್ತಾಳ."

"ಅಂಜಂಗಿಲ್ರಿ ಆಕಿ" ಎಂದೆ ಹೇಗೋ. "ಧೈರ್ಯವಂತಿ ಇದ್ದಾಳ."

"ನಿಮಗ ಗೊತ್ತಿಲ್ರಿ" ಎಂದರು. ನಾಲಿಗೆ ತೊದಲುತ್ತಿತ್ತು. "ಒಳಗ ಅಂಜಬುರಕಿ. ಇಬ್ಬರೂ ಅಂಜಿದ್ರ ಮನಿ ಹ್ಯಾಂಗ ನಡೀತದ್ರಿ? ಅದಕ್ಕ ಅಂಜೋ ಕೆಲಸ ನಾ ಇಟಗೊಂಡೀನಿ. ಧೈರ್ಯದ್ದು ಆಕಿಗಿ ಬಿಟ್ಟೀನಿ… ಹೇಳಬ್ಯಾಡ್ರಿ, ಹಾಂ?"

"ಹೇಳಂಗಿಲ್ರಿ" ಎಂದೆ.

ಅವರು ನಂಬಿ ಕಣ್ಣು ಮುಚ್ಚಿದರು. ನಾನು ದಾರಿಯುದ್ದಕ್ಕೂ ಅವರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತ ಕೂತೆ.

ಆಸ್ಪತ್ರೆಯಲ್ಲಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಉಪ್ಪು ತೀರಾ ಇಳಿದಿದೆ ಎಂದರು. ಕೈಗೆ ಸೂಜಿ ಚುಚ್ಚಿ ಉಪ್ಪಿನ ಸಲೈನ್ ಹಚ್ಚಿದರು. ಇಂಜೆಕ್ಷನ್ ಹೆಸರು ಕೇಳಿಯೇ ಓಟ ಶುರುಮಾಡಿದ ಮನುಷ್ಯ ಮಿಸುಕಾಡಲಿಲ್ಲ. ಅದನ್ನು ನೋಡಿ ನನ್ನಲ್ಲಿ ಇದ್ದಬದ್ದ ಧೈರ್ಯವೂ ಕರಗಿತು. ಸೂಜಿಗೆ ಅಂಜಿ ಕೂಗಿಕೊಳ್ಳಲಿ, ಓಡಿಹೋಗಲಿ, ಡಾಕ್ಟರಿಗೆ ಒದೆಯಲಿ ಎಂದು ಬೇಡಿಕೊಳ್ಳುತ್ತ ಮಂಚದ ಕಂಬಿ ಹಿಡಿದು ನಿಂತೆ.

ಬಿಸಿಲು ಇಳಿಯುವ ಹೊತ್ತಿಗೆ ಇವರ ಕಣ್ಣುಗಳು ಕೋಣೆಯಲ್ಲೆಲ್ಲ ಸುತ್ತಿ, ಬಂದು ನನ್ನ ಮೇಲೆ ನಿಂತವು. ಈ ಸಲ ದಾಟಿ ಹೋಗಲಿಲ್ಲ.

"ನೀ ಯಾವಾಗ ಬಂದಿ?" ಎಂದರು. ಕೈಯ ಸೂಜಿ ನೋಡಿಕೊಂಡು ಬೆದರಿ, ಅದಕ್ಕಿಂತ ಹೆಚ್ಚಾಗಿ ನನ್ನ ಮುಖ ನೋಡಿ ಬೆದರಿ ಕೇಳಿದರು: "ನಿನಗ ಯಾರ ಹೇಳಿದ್ರು?"

ಅವರ ಬಾತ ಬೆರಳುಗಳನ್ನು ನನ್ನ ಎರಡೂ ಕೈಯಲ್ಲಿ ಮುಚ್ಚಿಕೊಂಡೆ.

"ಯಾರೂ ಹೇಳಿಲ್ರಿ" ಎಂದೆ. "ನಾನೇ ಬಂದೇನಿ."